ಅಂದಾಜು ಯಾರದು, ಹೊರೆ ಯಾರಿಗೆ?

ನವೆಂಬರ್ ತಿಂಗಳು ಹತ್ತಿರವಾಯಿತೆಂದರೆ ಆಸ್ಟ್ರೇಲಿಯದ ಫುಟ್‌ಬಾಲ್ ಅಭಿಮಾನಿಗಳ ನಡುವೆ ಒಂದು ವಿಚಿತ್ರ ಚರ್ಚೆ ಕಾವೇರುತ್ತದೆ. ಪಂದ್ಯಗಳೆಲ್ಲ ಸೆಪ್ಟೆಂಬರ್ ಕೊನೆಯ ಹೊತ್ತಿಗೇ ಮುಗಿದು ಮೈದಾನಗಳು ಖಾಲಿಯಾಗಿರುತ್ತವೆ. ಆದರೂ ಮಾತು ನಿಲ್ಲುವುದಿಲ್ಲ. ನಮ್ಮ ಕ್ಲಬ್ಬಿಗೆ ಎತ್ತರದ ಹುಡುಗ ಬೇಕೆಂದು ಒಬ್ಬ, ಅಲ್ಲ, ವೇಗವಾಗಿ ಓಡುವವನು ಬೇಕೆಂದು ಇನ್ನೊಬ್ಬ. ಇವನ ಮೊಣಕಾಲು ಗಟ್ಟಿಯಿಲ್ಲ, ಅವನಿಗೆ ಛಲ ಸಾಲದು, ಮತ್ತೊಬ್ಬನು ದೂರದ ಊರಿನವನು, ಎರಡು ವರ್ಷ ಕಳೆದರೆ ಮನೆಗೆ ಓಡಿಹೋಗುತ್ತಾನೆ. ಹೀಗೆ ಒಂದೊಂದು ಹೆಸರನ್ನೂ ಎತ್ತಿ ತೂಗಿ ಕೆಳಗಿಡುತ್ತಾರೆ. ತೂಗಿಸಿಕೊಳ್ಳುವವರು ಹದಿನೇಳು, ಹದಿನೆಂಟರ ಹುಡುಗರು. ಹಲವರು ಆಗಷ್ಟೇ ಹನ್ನೆರಡನೇ ತರಗತಿಯ ಪರೀಕ್ಷೆ ಬರೆದವರು. ತೂಗುವವರಲ್ಲಿ ಹೆಚ್ಚಿನವರು ಅವರನ್ನು ಕೆಲವು ನಿಮಿಷಗಳ ದೃಶ್ಯಗಳಲ್ಲಿ ಮಾತ್ರ ಕಂಡವರು.

ಇದು ನಾವು ನೋಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡು, ದೊಡ್ಡ ಅಂಡಾಕಾರದ ಮೈದಾನ, ಒಂದೊಂದು ಕಡೆಯೂ 18 ಆಟಗಾರರು, ಎರಡು ತುದಿಗಳಲ್ಲೂ ನಾಲ್ಕು ನಾಲ್ಕು ಕಂಬಗಳು. 1859ರಲ್ಲಿ ಮೆಲ್ಬೋರ್ನಿನಲ್ಲಿ ಇದರ ನಿಯಮಗಳನ್ನು ಬರೆದಿಟ್ಟರು. ಅಲ್ಲಿಯ ದೊಡ್ಡ ಲೀಗಿನ ಹೆಸರು ಎಎಫ್‌ಎಲ್. ಹೊಸ ಆಟಗಾರರನ್ನು ಕ್ಲಬ್ಬುಗಳು ತಮಗಿಷ್ಟ ಬಂದಂತೆ ಸೇರಿಸಿಕೊಳ್ಳುವಂತಿಲ್ಲ. ವರ್ಷಕ್ಕೊಮ್ಮೆ ನಡೆಯುವ ಡ್ರಾಫ್ಟ್‌ನಲ್ಲಿ ಸರದಿಯ ಪ್ರಕಾರ ಒಬ್ಬೊಬ್ಬರನ್ನು ಆರಿಸಬೇಕು. ಆ ವರ್ಷ ಕಟ್ಟಕಡೆಯ ಸ್ಥಾನದಲ್ಲಿದ್ದ ಕ್ಲಬ್ಬಿಗೆ ಮೊದಲ ಸರದಿ, ಚಾಂಪಿಯನ್ನರಿಗೆ ಕೊನೆಯದು. ಹುಡುಗನಿಗೆ ಮಾತ್ರ ಕ್ಲಬ್ಬನ್ನು ಆರಿಸುವ ಹಕ್ಕಿಲ್ಲ. ಪರ್ತ್‌ನ ಹುಡುಗನ ಹೆಸರನ್ನು ಬ್ರಿಸ್ಬೇನ್ ಕೂಗಿದರೆ ಅವನು ಖಂಡದ ಇನ್ನೊಂದು ತುದಿಗೆ ಗಂಟುಮೂಟೆ ಕಟ್ಟಬೇಕು.

ಇಂತಹ ಚರ್ಚೆಯಲ್ಲಿ ತಪ್ಪೇನಿದೆ ಎಂದು ಯಾರಾದರೂ ಕೇಳಬಹುದು. ಆಟದ ಅಭಿಮಾನಿಗಳು ಆಟಗಾರರ ಬಗ್ಗೆ ಮಾತಾಡದೆ ಇನ್ನಾರ ಬಗ್ಗೆ ಮಾತಾಡಬೇಕು? ಪ್ರಶ್ನೆ ಸರಿಯಾದದ್ದೇ. ಆದರೆ ಅದಕ್ಕೆ ಉತ್ತರಿಸುವ ಮೊದಲು ಈ ವ್ಯವಸ್ಥೆ ಏಕೆ ಬಂತು ಎಂಬುದನ್ನು ನೋಡಬೇಕು.

ದುರ್ಬಲರಿಗೆ ಮೊದಲ ಸರದಿ

ಎಎಫ್‌ಎಲ್‌ಗೆ 1990ರವರೆಗೆ ವಿಎಫ್‌ಎಲ್ ಎಂಬ ಹೆಸರಿತ್ತು. ಅದರ ಮೊದಲ ಡ್ರಾಫ್ಟ್ ನಡೆದದ್ದು 1986ರಲ್ಲಿ. ಅದಕ್ಕೂ ಮುಂಚೆ ಪ್ರದೇಶಗಳನ್ನು ಕ್ಲಬ್ಬುಗಳಿಗೆ ಹಂಚಿಕೊಡುವ ಪದ್ಧತಿಯಿತ್ತು. ಒಳ್ಳೆಯ ಪ್ರದೇಶ ಸಿಕ್ಕ ಕ್ಲಬ್ಬಿಗೆ ಒಳ್ಳೆಯ ಆಟಗಾರರು, ಹಣವಿದ್ದ ಕ್ಲಬ್ಬಿಗೆ ಬೇರೆ ಕ್ಲಬ್ಬುಗಳ ಆಟಗಾರರೂ ಸಿಗುತ್ತಿದ್ದರು. ಬಡ ಕ್ಲಬ್ಬುಗಳು ಇನ್ನಷ್ಟು ಬಡವಾದವು. ಬಡತನ ಕ್ಲಬ್ಬಿನ ಪ್ರಾಣವನ್ನೇ ತೆಗೆಯಬಲ್ಲದು ಎಂಬುದಕ್ಕೆ ಫಿಟ್ಜ್‌ರಾಯ್ ಸಾಕ್ಷಿ. ಸಾಲದಲ್ಲಿ ಮುಳುಗಿದ ಆ ಹಳೆಯ ಕ್ಲಬ್ಬಿನ ತಂಡವು 1996ರ ಕೊನೆಗೆ ಬ್ರಿಸ್ಬೇನ್ ತಂಡದೊಂದಿಗೆ ವಿಲೀನವಾಯಿತು. ಅಜ್ಜನ ಕಾಲದಿಂದ ಒಂದೇ ಬಣ್ಣದ ಶಾಲು ಹೊದ್ದು ಬಂದ ಕುಟುಂಬಗಳಿಗೆ ಅದು ಮನೆಯಲ್ಲಿ ಸಾವಾದಂತಹ ಸಂಗತಿ.

ಅಮೆರಿಕದ ದಾರ್ಶನಿಕ ಜಾನ್ ರಾಲ್ಸ್ 1971ರಲ್ಲಿ ಪ್ರಕಟಿಸಿದ 'ಎ ಥಿಯರಿ ಆಫ್ ಜಸ್ಟಿಸ್' ಗ್ರಂಥದಲ್ಲಿ ಸಮಾಜದ ಅಸಮಾನತೆಗೆ ಒಂದು ಷರತ್ತು ಹಾಕಿದರು. ಆ ಅಸಮಾನತೆಯಿಂದ ಅತ್ಯಂತ ಹಿಂದುಳಿದವರಿಗೆ ಹೆಚ್ಚಿನ ಲಾಭವಾಗುವುದಾದರೆ ಮಾತ್ರ ಅದು ಒಪ್ಪಿತ. ಹಿಂದುಳಿದ ಕ್ಲಬ್ಬಿಗೆ ಮೊದಲ ಸರದಿ ಕೊಡುವ ಡ್ರಾಫ್ಟ್ ಈ ಮಾತಿಗೆ ಹತ್ತಿರವಾಗಿದೆ. ಸೋತವರಿಗೂ ನಾಳೆ ಎಂಬುದೊಂದನ್ನು ಅದು ಉಳಿಸುತ್ತದೆ. ಸೋತ ಕ್ಲಬ್ಬಿನ ಅಭಿಮಾನಿಗೆ ನವೆಂಬರ್ ತಿಂಗಳೇ ಹಬ್ಬವಾಗುವುದು ಅದಕ್ಕಾಗಿಯೇ. ಆ ಆಸೆಯನ್ನು ಹಗುರವಾಗಿ ಕಾಣುವಂತಿಲ್ಲ.

ಆದರೆ ರಾಲ್ಸ್ ಇನ್ನೊಂದು ಮಾತನ್ನೂ ಒತ್ತಿ ಹೇಳಿದ್ದರು. ಹಲವರ ಒಟ್ಟು ಲಾಭಕ್ಕಾಗಿ ಒಬ್ಬನ ಸ್ವಾತಂತ್ರ್ಯವನ್ನು ಬಲಿಗೊಡಲಾಗದು. ಡ್ರಾಫ್ಟ್‌ನಲ್ಲಿ ನ್ಯಾಯ ಸಿಗುವುದು ಕ್ಲಬ್ಬುಗಳಿಗೆ, ಅದರ ಬೆಲೆ ತೆರುವವನು ಹುಡುಗ. ಈ ಇಕ್ಕಟ್ಟು ಆಸ್ಟ್ರೇಲಿಯದ ನ್ಯಾಯಾಲಯಗಳ ಮುಂದೆಯೂ ಬಂದಿದೆ. ಸೌತ್ ಮೆಲ್ಬೋರ್ನ್ ಕ್ಲಬ್ಬು 1982ರಲ್ಲಿ ಸಿಡ್ನಿಗೆ ಸ್ಥಳಾಂತರವಾದಾಗ ಸಿಲ್ವಿಯೊ ಫೋಸ್ಕಿನಿ ಎಂಬ ತರುಣ ಆಟಗಾರ ಅಲ್ಲಿಗೆ ಹೋಗಲೊಪ್ಪದೆ ಮೆಲ್ಬೋರ್ನಿನಲ್ಲೇ ಸೇಂಟ್ ಕಿಲ್ಡಾ ಪರ ಆಡಬಯಸಿದ. ಲೀಗ್ ಅಡ್ಡಬಂತು. 1983ರಲ್ಲಿ ವಿಕ್ಟೋರಿಯದ ಸುಪ್ರೀಂ ಕೋರ್ಟು ಅಂದಿನ ನಿಯಮಗಳು ವೃತ್ತಿಸ್ವಾತಂತ್ರ್ಯದ ಮೇಲಿನ ಅಸಮಂಜಸ ನಿರ್ಬಂಧವೆಂದು ಹೇಳಿತು. 1991ರಲ್ಲಿ ನ್ಯೂ ಸೌತ್ ವೇಲ್ಸ್ ರಗ್ಬಿ ಲೀಗಿನಲ್ಲಿ ಒಪ್ಪಂದ ಮುಗಿದ ಆಟಗಾರರನ್ನು ಡ್ರಾಫ್ಟ್ ಮೂಲಕ ಹಂಚುವ ನಿಯಮವನ್ನೂ ಫೆಡರಲ್ ಕೋರ್ಟು ಇದೇ ಕಾರಣಕ್ಕೆ ತಳ್ಳಿಹಾಕಿತು. ಎಎಫ್‌ಎಲ್‌ನ ಡ್ರಾಫ್ಟ್ ಮಾತ್ರ ಉಳಿದುಕೊಂಡು ಬಂದಿದೆ. ಒಟ್ಟಿನಲ್ಲಿ ಹುಡುಗನು ಒಂದು ದೊಡ್ಡ ನ್ಯಾಯಕ್ಕಾಗಿ ಚಿಕ್ಕದೊಂದು ಹಕ್ಕನ್ನು ಬಿಟ್ಟುಕೊಟ್ಟು ಒಳಗೆ ಬರುತ್ತಾನೆ. ಬಂದ ಕ್ಷಣದಿಂದಲೇ ಅವನ ಬೆನ್ನಿಗೆ ಒಂದು ಸಂಖ್ಯೆ ಅಂಟಿಕೊಳ್ಳುತ್ತದೆ: ಮೊದಲನೆಯವನು, ನಾಲ್ಕನೆಯವನು, ನಲವತ್ತನೆಯವನು.

ಸಂಖ್ಯೆಯ ಭಾರ

2008ರಲ್ಲಿ ಮೊದಲ ಸರದಿ ಮೆಲ್ಬೋರ್ನ್ ಕ್ಲಬ್ಬಿನದಾಗಿತ್ತು. ಅದು ಜ್ಯಾಕ್ ವಾಟ್ಸ್ ಎಂಬ ಎತ್ತರದ ಹುಡುಗನನ್ನು ಆರಿಸಿತು. ಮರುವರ್ಷ ಜೂನ್‌ನಲ್ಲಿ ಕಾಲಿಂಗ್‌ವುಡ್ ವಿರುದ್ಧ ಭಾರೀ ಜನಸಂದಣಿಯ ಎದುರು ಅವನನ್ನು ಮೊದಲ ಬಾರಿಗೆ ಕಣಕ್ಕಿಳಿಸಿದಾಗ ಅವನಿನ್ನೂ ಶಾಲೆಯ ವಿದ್ಯಾರ್ಥಿ. ಅನುಭವಿ ಆಟಗಾರರು ಅವನನ್ನು ನೆಲಕ್ಕೆ ಕೆಡವಿದ ದೃಶ್ಯ ವರ್ಷಗಟ್ಟಲೆ ಅವನ ಹೆಸರಿನ ಜೊತೆ ಓಡಾಡಿತು. ಮೆಲ್ಬೋರ್ನ್ ಕೊನೆಯ ಬಾರಿಗೆ ಚಾಂಪಿಯನ್ ಆಗಿದ್ದು 1964ರಲ್ಲಿ. ವಾಟ್ಸ್ ಹುಟ್ಟಿದ್ದು 1991ರಲ್ಲಿ. ತಾನು ಹುಟ್ಟುವ 27 ವರ್ಷ ಮೊದಲೇ ಶುರುವಾಗಿದ್ದ ಬರಗಾಲವನ್ನು ನೀಗಿಸುವ ಹೊಣೆ ಅವನ ಹೆಗಲಿಗೆ ಬಿದ್ದಿತ್ತು.

ಅವನು ಅಲ್ಲಿದ್ದ ಒಂಬತ್ತು ಋತುಗಳಲ್ಲಿ ನಾಲ್ವರು ಮುಖ್ಯ ತರಬೇತುದಾರರು ಬಂದರು, ನಡುವೆ ಇಬ್ಬರು ಹಂಗಾಮಿಯಾಗಿ ನಡೆಸಿದರು. 2011ರ ಒಂದು ಪಂದ್ಯದಲ್ಲಿ ತಂಡವು ಜೀಲಾಂಗ್ ಎದುರು 186 ಅಂಕಗಳಿಂದ ಸೋತಿತು. ಮನೆಯ ತೊಲೆಗಳೇ ಅಲ್ಲಾಡುತ್ತಿರುವಾಗ ಕಿಟಕಿಯ ಗಾಜು ಗಟ್ಟಿಯಿಲ್ಲವೆಂದು ಬೈದಂತೆ ಜನ ವಾಟ್ಸ್‌ನನ್ನು ಬೈದರು. ವಾಸ್ತವದಲ್ಲಿ ಅವನು ಎರಡು ಕ್ಲಬ್ಬುಗಳಿಗಾಗಿ 150ಕ್ಕೂ ಹೆಚ್ಚು ಪಂದ್ಯ ಆಡಿದ. ಮೂವತ್ತನೆಯ ಸರದಿಯಲ್ಲಿ ಬಂದವನು ಇಷ್ಟು ಆಡಿದ್ದರೆ 'ಒಳ್ಳೆಯ ಆಟಗಾರ' ಎನಿಸಿಕೊಳ್ಳುತ್ತಿದ್ದ. ಮೊದಲ ಸರದಿಯವನಾದ್ದರಿಂದ 'ಠುಸ್ ಪಟಾಕಿ'ಯಾದ.

ರಿಚರ್ಡ್ ಟ್ಯಾಂಬ್ಲಿಂಗ್‌ನ ಕಥೆ ಇನ್ನೂ ಕಠಿಣವಾದದ್ದು. ನಾರ್ದರ್ನ್ ಟೆರಿಟರಿಯ ಈ ಆದಿವಾಸಿ ತರುಣನನ್ನು 2004ರಲ್ಲಿ ರಿಚ್‌ಮಂಡ್ ಕ್ಲಬ್ಬು ನಾಲ್ಕನೆಯ ಸರದಿಯಲ್ಲಿ ಆರಿಸಿತು. ಐದನೆಯ ಸರದಿಯಲ್ಲಿ ಹಾಥಾರ್ನ್ ಕ್ಲಬ್ಬು ಲ್ಯಾನ್ಸ್ ಫ್ರ್ಯಾಂಕ್ಲಿನ್‌ನನ್ನು ಪಡೆಯಿತು. ಫ್ರ್ಯಾಂಕ್ಲಿನ್ ಯುಗಕ್ಕೊಬ್ಬನೆನ್ನುವಂತಹ ಆಟಗಾರನಾದ. 2022ರ ಮಾರ್ಚ್‌ನಲ್ಲಿ ಅವನು ಸಾವಿರದ ಗೋಲು ಹೊಡೆದಾಗ ಸಿಡ್ನಿಯ ಮೈದಾನಕ್ಕೆ ಜನಸಾಗರವೇ ನುಗ್ಗಿತು. ಟ್ಯಾಂಬ್ಲಿಂಗ್ ನೂರಕ್ಕೂ ಹೆಚ್ಚು ಪಂದ್ಯ ಆಡಿದರೂ ಅವನ ಹೆಸರು ಬಂದಲ್ಲೆಲ್ಲ ಒಂದೇ ಮಾತು: ಇವನ ಬದಲು ಅವನನ್ನು ತೆಗೆದುಕೊಳ್ಳಬಹುದಿತ್ತು. ಅವನು ಆಡಿದ ಆಟಕ್ಕಿಂತ ಪಕ್ಕದ ಸಂಖ್ಯೆಯವನು ಆಡಿದ ಆಟವೇ ಅವನನ್ನು ಅಳೆಯುವ ಕೋಲಾಯಿತು.

ಇಲ್ಲಿ ಒಂದು ಸರಳ ಪ್ರಶ್ನೆ ಕೇಳಿಕೊಳ್ಳೋಣ. ನಾಲ್ಕನೆಯ ಸರದಿ ಟ್ಯಾಂಬ್ಲಿಂಗ್‌ಗೆ ಸಲ್ಲಬೇಕೆಂದು ನಿರ್ಧರಿಸಿದವರು ಯಾರು? ಕ್ಲಬ್ಬಿನ ಅಧಿಕಾರಿಗಳು. ಅವರು ಅಂದಾಜು ಮಾಡಿದರು, ಅಂದಾಜು ತಪ್ಪಿತು. ತಪ್ಪು ಅಂದಾಜು ಮಾಡಿದವರದು. ಹುಡುಗ ತಾನು ಫ್ರ್ಯಾಂಕ್ಲಿನ್‌ಗಿಂತ ಮೇಲೆಂದು ಯಾರಿಗೂ ಮಾತು ಕೊಟ್ಟಿರಲಿಲ್ಲ. ಕೊಡದ ಮಾತನ್ನು ಮುರಿದನೆಂಬ ಆರೋಪ ಮಾತ್ರ ಅವನ ಮೇಲೆ ಬಂತು. ಬೇರೊಬ್ಬರು ಬರೆದ ಸಾಲಪತ್ರಕ್ಕೆ ಅವನು ಬಡ್ಡಿ ಕಟ್ಟುತ್ತಾ ಹೋದ.

ಅದೃಷ್ಟವೂ ತೀರ್ಪೂ

1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಎಂಬ ಇಬ್ಬರು ತತ್ವಶಾಸ್ತ್ರಜ್ಞರು 'ನೈತಿಕ ಅದೃಷ್ಟ' ಎಂಬ ಸಮಸ್ಯೆಯನ್ನು ಎತ್ತಿದರು. ಇಬ್ಬರು ಲಾರಿ ಚಾಲಕರು ಒಂದೇ ರೀತಿಯ ಅಜಾಗರೂಕತೆ ತೋರಿದರೆನ್ನಿ. ಒಬ್ಬನ ಎದುರು ಮಗುವೊಂದು ಅಡ್ಡ ಬಂತು, ಇನ್ನೊಬ್ಬನ ಎದುರು ಬರಲಿಲ್ಲ. ತಪ್ಪು ಒಂದೇ ಆದರೂ ನಾವು ಮೊದಲನೆಯವನನ್ನು ಹೆಚ್ಚು ದೂಷಿಸುತ್ತೇವೆ. ಅಂದರೆ ನಮ್ಮ ತೀರ್ಪುಗಳು ಮನುಷ್ಯನ ಹಿಡಿತದಲ್ಲಿಲ್ಲದ ಸಂಗತಿಗಳ ಮೇಲೆ ನಿಂತಿರುತ್ತವೆ.

ಡ್ರಾಫ್ಟ್‌ನಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಲಾರಿ ಓಡಿಸಿದವನನ್ನಾದರೂ ದೂಷಿಸಿದರೆ ಅದಕ್ಕೊಂದು ಅರ್ಥವಿದೆ. ಇಲ್ಲಿ ದೂಷಣೆಗೆ ಗುರಿಯಾಗುವವನು ಲಾರಿಯ ಮೇಲೆ ಹೇರಿದ್ದ ಸರಕು!

ಅಂದಾಜಿನ ಬಲವೆಷ್ಟು ಎಂಬುದನ್ನೂ ನೋಡೋಣ. 1990ರ ಡ್ರಾಫ್ಟ್‌ನಲ್ಲಿ ಜೇಮ್ಸ್ ಹರ್ಡ್‌ನನ್ನು ಎಸೆಂಡನ್ ಕ್ಲಬ್ಬು 79ನೆಯ ಸರದಿಯಲ್ಲಿ ಆರಿಸಿತು. ಅಷ್ಟೊಂದು ಸಲ ಬೇರೆ ಹೆಸರುಗಳನ್ನು ಕೂಗಿ ಮುಗಿದ ಮೇಲೆ ಬಂದ ಅವನು 1996ರಲ್ಲಿ ಲೀಗಿನ ಶ್ರೇಷ್ಠ ಆಟಗಾರನಿಗೆ ಸಲ್ಲುವ ಬ್ರೌನ್‌ಲೋ ಪದಕವನ್ನು ಹಂಚಿಕೊಂಡ. 2001ರಲ್ಲಿ ಮೊದಲ ಮೂರು ಸರದಿಗಳಲ್ಲಿ ಲ್ಯೂಕ್ ಹಾಜ್, ಲ್ಯೂಕ್ ಬಾಲ್, ಕ್ರಿಸ್ ಜಡ್ ಆಯ್ಕೆಯಾದರು. ಮೂರನೆಯವನಾದ ಜಡ್ ಎರಡು ಬಾರಿ ಬ್ರೌನ್‌ಲೋ ಗೆದ್ದಾಗ ಹಾಥಾರ್ನ್ ಎಡವಿತೆಂದು ನಕ್ಕವರಿದ್ದರು. ಅವರು ಎಡವಿತೆಂದ ಆಯ್ಕೆಯಾದ ಹಾಜ್‌ನ ನಾಯಕತ್ವದಲ್ಲೇ ಹಾಥಾರ್ನ್ 2013, 2014, 2015ರಲ್ಲಿ ಸತತವಾಗಿ ಪ್ರಶಸ್ತಿ ಗೆದ್ದಿತು. ಅದೇ ವರ್ಷ 58ನೆಯ ಸರದಿಯಲ್ಲಿ ಬಂದ ಡೇನ್ ಸ್ವಾನ್ 2011ರ ಬ್ರೌನ್‌ಲೋ ಪಡೆದ. ಯಾರು ಸರಿ, ಯಾರು ತಪ್ಪು ಎಂಬುದು ನಾವು ಯಾವ ವರ್ಷದಲ್ಲಿ ನಿಂತು ಕೇಳುತ್ತೇವೆ ಎಂಬುದನ್ನು ಅವಲಂಬಿಸಿದೆ.

ಬೆಂಗಳೂರಿನವರಿಗೂ ಇದರ ಪರಿಚಯವುಂಟು. 2008ರಲ್ಲಿ ಐಪಿಎಲ್ ಶುರುವಾದಾಗ 19 ವರ್ಷದೊಳಗಿನ ಆಟಗಾರರನ್ನು ಹರಾಜಿಗಿಡದೆ ಡ್ರಾಫ್ಟ್ ಮೂಲಕ ಹಂಚಿದ್ದರು. ದೆಹಲಿ ತಂಡವು ತನ್ನೂರಿನ ವಿರಾಟ್ ಕೊಹ್ಲಿಯನ್ನು ಬಿಟ್ಟು ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್‌ನನ್ನು ಆರಿಸಿತು, ಕೊಹ್ಲಿ ಬೆಂಗಳೂರಿಗೆ ಬಂದರು. ಇಂದು ಅದನ್ನು ನಗುವಿನ ಕಥೆಯಾಗಿ ಹೇಳುತ್ತೇವೆ. ಆ ನಗುವಿನಲ್ಲಿ ಸಾಂಗ್ವಾನ್ ಮಾಡಿದ ತಪ್ಪೇನೆಂದು ಕೇಳುವವರಿಲ್ಲ.

ಅಭಿಮಾನಿಯ ಹೊಣೆ

ಇದಕ್ಕೆ ಆಕ್ಷೇಪವೂ ಇದೆ. ಯಾರೂ ಈ ಹುಡುಗರನ್ನು ಬಲವಂತವಾಗಿ ಎಳೆತಂದಿಲ್ಲ, ಅವರಾಗಿಯೇ ಹೆಸರು ಕೊಟ್ಟವರು. ಶಾಲೆಯ ಮೇಷ್ಟ್ರಿಗೋ ದಾದಿಗೋ ಕನಸಿನಲ್ಲೂ ಸಿಗದ ಸಂಬಳ ಪಡೆಯುವವರು ಎರಡು ಟೀಕೆಗಳನ್ನು ಸಹಿಸಬಾರದೇ? ಈ ವಾದದಲ್ಲಿ ಅರ್ಧ ಸತ್ಯವಿದೆ. ಸಂಬಳ ಪಡೆದವನು ಶ್ರಮಕ್ಕೆ, ಶಿಸ್ತಿಗೆ ಬದ್ಧನು. ಅಭ್ಯಾಸಕ್ಕೆ ತಪ್ಪಿಸಿಕೊಂಡರೆ, ಚೆಂಡಿನ ಹಿಂದೆ ಓಡಲು ಸೋಮಾರಿತನ ತೋರಿದರೆ ಕೇಳುವ ಹಕ್ಕು ಅಭಿಮಾನಿಗಿದೆ. ಆದರೆ ಸಂಬಳವು ಒಬ್ಬನ ಇಂದಿನ ದುಡಿಮೆಯನ್ನು ಕೊಳ್ಳಬಹುದೇ ಹೊರತು, ಮುಂದೆ ಅವನು ಏನಾಗುತ್ತಾನೆ ಎಂಬ ನಮ್ಮ ಕನಸನ್ನು ಅವನ ಸಾಲವಾಗಿ ಬರೆಯಲಾರದು.

ಆಸೆಯೇ ಮಿತಿಮೀರಿದರೆ ಕ್ಲಬ್ಬುಗಳೂ ಹೇಗೆ ದಾರಿತಪ್ಪುತ್ತವೆ ಎಂಬುದಕ್ಕೆ ಮತ್ತೆ ಮೆಲ್ಬೋರ್ನೇ ಉದಾಹರಣೆ. ತೀರಾ ಕಡಿಮೆ ಗೆಲುವು ಕಂಡ ಕ್ಲಬ್ಬಿಗೆ ಹೆಚ್ಚುವರಿ ಸರದಿ ಸಿಗುತ್ತಿದ್ದ 2009ರಲ್ಲಿ ಅದು ಬೇಕೆಂದೇ ಸೋಲುತ್ತಿದೆ ಎಂಬ ಮಾತು ಹಬ್ಬಿತು. 2013ರಲ್ಲಿ ಎಎಫ್‌ಎಲ್ ತನಿಖೆಯು ಬೇಕೆಂದೇ ಸೋತ ಆರೋಪದಿಂದ ಕ್ಲಬ್ಬನ್ನು ಮುಕ್ತಗೊಳಿಸಿತಾದರೂ ಇಬ್ಬರು ಅಧಿಕಾರಿಗಳನ್ನು ಅಮಾನತು ಮಾಡಿ 5 ಲಕ್ಷ ಡಾಲರ್ ದಂಡ ಹಾಕಿತು. ನಾಳೆ ಬರಲಿರುವ ಹುಡುಗನ ಆಸೆಯಲ್ಲಿ ಇಂದು ಆಡುತ್ತಿರುವವರ ಸೋಲನ್ನು ಬಯಸುವ ಅಭಿಮಾನಿಗಳೂ ಇದ್ದರು. ಹಾಗೆ ಬಯಸಿದವನು ತಾನು ಪ್ರೀತಿಸುತ್ತಿರುವುದು ಯಾರನ್ನು ಎಂದು ತನ್ನನ್ನೇ ಕೇಳಿಕೊಳ್ಳಬೇಕು.

ಹಾಗಾದರೆ ಚರ್ಚೆಯನ್ನೇ ನಿಲ್ಲಿಸಬೇಕೇ? ಬೇಕಿಲ್ಲ. ಮನುಷ್ಯನನ್ನು ಬರಿಯ ಸಾಧನವಾಗಿ ಬಳಸಬಾರದೆಂದು ಕಾಂಟ್ ಹೇಳಿದಾಗ ಅವನಿಂದ ಯಾವ ಉಪಯೋಗವನ್ನೂ ಪಡೆಯಬಾರದೆಂದು ಹೇಳಲಿಲ್ಲ. ತಂಡಕ್ಕೆ ಯಾರು ಒದಗುತ್ತಾರೆಂದು ಯೋಚಿಸುವುದು ತಪ್ಪಲ್ಲ. ಒದಗದಿದ್ದಾಗ ಅವನನ್ನು ಹೇಗೆ ಕಾಣುತ್ತೇವೆ ಎಂಬಲ್ಲಿ ನಮ್ಮ ಪರೀಕ್ಷೆ ಇದೆ. ಆಟದ ಬಗ್ಗೆ ಮಾತಾಡುವಾಗ ಅವನ ಒದೆತ, ಓಟ, ಹಿಡಿತಗಳ ಬಗ್ಗೆ ಎಷ್ಟು ಬೇಕಾದರೂ ಮಾತಾಡಲಿ. ಅವನ ಮನೆ, ಊರು, ಬಣ್ಣ, ಎದೆಗಾರಿಕೆಗಳ ಬಗ್ಗೆ ದೂರದಿಂದ ತೀರ್ಪು ಕೊಡುವುದು ಬೇಡ. ಅಂದಾಜು ತಪ್ಪಿದಾಗ ಅದನ್ನು ಅಂದಾಜು ಮಾಡಿದವರ ಲೆಕ್ಕಕ್ಕೆ ಬರೆಯಲಿ. ಆ ಲೆಕ್ಕದಲ್ಲಿ 'ನಾವೂ ಅವನನ್ನೇ ಬಯಸಿದ್ದೆವು' ಎಂಬ ಸಾಲೂ ಇರಲಿ.

ಮೆಲ್ಬೋರ್ನ್ ಕ್ಲಬ್ಬಿನ ಬರ 2021ರಲ್ಲಿ ನೀಗಿತು, 57 ವರ್ಷಗಳ ನಂತರ. ಆ ಹೊತ್ತಿಗೆ ವಾಟ್ಸ್ ಆಟದಿಂದ ನಿವೃತ್ತನಾಗಿ ಒಂದು ವರ್ಷವಾಗಿತ್ತು. ಗೆದ್ದ ತಂಡದಲ್ಲೂ ಡ್ರಾಫ್ಟ್‌ನ ಮೇಲಿನ ಸರದಿಗಳಲ್ಲಿ ಬಂದ ಹುಡುಗರಿದ್ದರು. ಅವರಿಗೆ ಪ್ರತಿಭೆಯ ಜೊತೆಗೆ ಗಟ್ಟಿಯಾದ ಮನೆಯೂ ಸಿಕ್ಕಿತ್ತು. ಮುಂದಿನ ನವೆಂಬರ್‌ನಲ್ಲೂ ಯಾರದೋ ಹೆಸರನ್ನು ಮೊದಲು ಕೂಗುತ್ತಾರೆ. ಅವನು ಎಂತಹ ಆಟಗಾರನಾಗುತ್ತಾನೆಂಬುದು ಅವನ ಶ್ರಮಕ್ಕೂ ಕಾಲಕ್ಕೂ ಬಿಟ್ಟ ವಿಷಯ. ಎಡವಿದ ದಿನ ಅವನಿಗೆ ಎಂತಹ ಅಭಿಮಾನಿಗಳು ಸಿಗುತ್ತಾರೆಂಬುದು ಮಾತ್ರ ಅಭಿಮಾನಿಗಳ ಕೈಯಲ್ಲೇ ಇದೆ.