ಹಾಲು ಬಿಡಿಸಿದ ಮಗುವಿನ ನೆಮ್ಮದಿ



ಮನೆಯವರೆಲ್ಲ ಮಲಗಿದ ಮೇಲೆ ನಿಮಗೊಬ್ಬರಿಗೇ ನಿದ್ದೆ ಬಾರದ ರಾತ್ರಿಗಳು ಇರುತ್ತವಲ್ಲವೇ? ಗಡಿಯಾರ ಹನ್ನೆರಡು ಹೊಡೆಯುತ್ತದೆ, ಒಂದು ಹೊಡೆಯುತ್ತದೆ. ಮಗಳ ಮದುವೆಗೆ ಮಾಡಿದ ಸಾಲ, ಮಗನಿಗೆ ಸಿಗದ ಕೆಲಸ, ನಾಳೆ ಕೈಸೇರಲಿರುವ ರಕ್ತಪರೀಕ್ಷೆಯ ವರದಿ, ಇನ್ನೂ ಮನೆಗೆ ಬಾರದ ಯಜಮಾನರು, ಒಂದೊಂದೇ ಚಿಂತೆ ಬಂದು ತಲೆದಿಂಬಿನ ಬಳಿ ಕೂರುತ್ತದೆ. ಪಕ್ಕದಲ್ಲೇ ನಿಮ್ಮ ಪುಟ್ಟ ಮಗು ಕೈಕಾಲು ಚಾಚಿಕೊಂಡು ಮಲಗಿದೆ. ಅದೇ ಮನೆ, ಅದೇ ಬಡತನ, ಅದೇ ನಾಳೆ. ಆದರೂ ಅದಕ್ಕೆ ನಿದ್ದೆ ಹತ್ತಿದೆ. ಮನೆಯ ತೊಂದರೆಗಳು ಅದಕ್ಕೆ ತಿಳಿಯವು, ನಿಜ. ಆದರೆ ಒಂದು ವಿಷಯ ಅದಕ್ಕೆ ಚೆನ್ನಾಗಿ ತಿಳಿದಿದೆ: ಪಕ್ಕದಲ್ಲಿ ಅಮ್ಮ ಇದ್ದಾಳೆ.

ಪವಿತ್ರ ಬೈಬಲಿನಲ್ಲಿ ಇಂತಹ ಮಗುವಿನ ಬಗ್ಗೆಯೇ ಒಂದು ಕೀರ್ತನೆಯಿದೆ. 131ನೆಯದು. ಇರುವುದು ಮೂರೇ ಮೂರು ವಚನ. ಯೆರೂಸಲೇಮಿಗೆ ಯಾತ್ರೆ ಹೋಗುತ್ತಿದ್ದವರು ಹಾಡುತ್ತಿದ್ದ ಹಾಡುಗಳಲ್ಲಿ ಇದೂ ಒಂದು. ಕೈಗೆಟುಕದ ದೊಡ್ಡ ವಿಷಯಗಳ ಹಿಂದೆ ತಾನು ಓಡುವುದಿಲ್ಲವೆಂದೂ, ತನ್ನ ಮನಸ್ಸನ್ನು ತಾಯಿಯ ಬಳಿಯಿರುವ ಹಾಲು ಬಿಡಿಸಿದ ಮಗುವಿನಂತೆ ಸುಮ್ಮನಿರಿಸಿಕೊಂಡಿದ್ದೇನೆಂದೂ ಕೀರ್ತನೆಗಾರ ಹೇಳುತ್ತಾನೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಹಾಲು ಕುಡಿಯುವ ಮಗು ಎನ್ನಲಿಲ್ಲ, ಹಾಲು ಬಿಡಿಸಿದ ಮಗು ಎಂದ. ಇದರ ಅರ್ಥ ಪಂಡಿತರಿಗಿಂತ ತಾಯಂದಿರಿಗೇ ಹೆಚ್ಚು ಗೊತ್ತು. ಹಾಲು ಬಿಡಿಸುವಾಗ ನಮ್ಮ ಹಳ್ಳಿಗಳಲ್ಲಿ ತಾಯಿ ಎದೆಗೆ ಬೇವಿನ ರಸ ಹಚ್ಚಿಕೊಳ್ಳುತ್ತಾಳೆ. ಮಗು ಆಸೆಯಿಂದ ಬಂದು, ಬಾಯಿಟ್ಟು, ಮುಖ ಕಿವುಚಿಕೊಂಡು ಅಳುತ್ತದೆ. ರಾತ್ರಿಯೆಲ್ಲ ರಚ್ಚೆ ಹಿಡಿಯುತ್ತದೆ. ನಿನ್ನೆಯವರೆಗೆ ಕೊಟ್ಟವಳು ಇಂದೇಕೆ ಕೊಡಳು? ಅಮ್ಮನಿಗೆ ನನ್ನ ಮೇಲೆ ಪ್ರೀತಿ ಹೋಯಿತೇ? ಬಾಯಿ ಬಂದಿದ್ದರೆ ಅದು ಹೀಗೆಯೇ ಕೇಳುತ್ತಿತ್ತೇನೋ. ಆದರೆ ಕೆಲವು ದಿನ ಕಳೆದ ಮೇಲೆ ನೋಡಿ. ಅದೇ ಮಗು ಅದೇ ಮಡಿಲಿಗೆ ಬಂದು ಒರಗುತ್ತದೆ. ಈಗ ಅದಕ್ಕೆ ಹಾಲು ಬೇಡ, ಅಮ್ಮನೇ ಸಾಕು.

ನಮ್ಮ ಪ್ರಾರ್ಥನೆಯೂ ಹೀಗೆಯೇ ಬೆಳೆಯಬೇಕಾಗಿದೆ. ಕೇಳಿದ್ದು ಸಿಕ್ಕಾಗ ದೇವರನ್ನು ತಂದೆ ಎನ್ನುತ್ತೇವೆ. ಸಿಗದಿದ್ದಾಗ ಮುನಿಸಿಕೊಳ್ಳುತ್ತೇವೆ. ಕೇಳುವುದು ತಪ್ಪಲ್ಲ, ಕೇಳಿರೆಂದು ಯೇಸುಸ್ವಾಮಿಯೇ ಕಲಿಸಿದ್ದಾರೆ. ಆದರೆ ಬೇವಿನ ಕಹಿ ನಾಲಿಗೆಗೆ ತಗುಲಿದ ದಿನವೂ ಆ ಮಡಿಲನ್ನು ಬಿಟ್ಟು ಹೋಗದಿರುವುದೇ ವಿಶ್ವಾಸ.

ಬಾಲಯೇಸುವಿನ ಸಂತ ತೆರೇಸಾ ಈ ಪಾಠವನ್ನು ತಮ್ಮ ಬದುಕಿನಲ್ಲೇ ಕಲಿತರು. 1873ರಲ್ಲಿ ಫ್ರಾನ್ಸ್ ದೇಶದಲ್ಲಿ ಜನಿಸಿದ ಅವರು ನಾಲ್ಕು ವರ್ಷದವರಿದ್ದಾಗಲೇ ತಾಯಿಯನ್ನು ಸ್ತನ ಕ್ಯಾನ್ಸರಿನಿಂದ ಕಳೆದುಕೊಂಡರು. ಹದಿನೈದನೆಯ ವಯಸ್ಸಿನಲ್ಲಿ ಲಿಸಿಯೂ ಊರಿನ ಕಾರ್ಮೆಲ್ ಮಠ ಸೇರಿದರು. ಮರುವರ್ಷವೇ, 1889ರಲ್ಲಿ, ಪ್ರೀತಿಯ ತಂದೆ ಬುದ್ಧಿಯ ಸ್ಥಿಮಿತ ತಪ್ಪಿ ಆಸ್ಪತ್ರೆ ಸೇರಬೇಕಾಯಿತು. ಹೀಗೆ ತಾಯಿಯ ಮಡಿಲೂ ಹೋಯಿತು, ತಂದೆಯ ಕೈಯೂ ತಪ್ಪಿತು. ಆದರೂ ದೇವರು ತಂದೆಯೆಂಬ ಮಾತನ್ನು ಅವರು ಬಿಡಲಿಲ್ಲ. ಪ್ರಾರ್ಥನೆಯ ವೇಳೆಯಲ್ಲೂ, ಪರಮಪ್ರಸಾದ ಸ್ವೀಕರಿಸಿದ ನಂತರವೂ ಅವರಿಗೆ ತೂಕಡಿಕೆ ಬರುತ್ತಿತ್ತಂತೆ. ಅದಕ್ಕಾಗಿ ಅವರು ಎದೆಗುಂದಲಿಲ್ಲ. ಮಕ್ಕಳು ಎದ್ದಿದ್ದರೂ ಮಲಗಿದ್ದರೂ ತಂದೆತಾಯಿಗೆ ಅಷ್ಟೇ ಪ್ರಿಯರಲ್ಲವೇ ಎಂದುಕೊಂಡರು. ಕೊನೆಯ ಒಂದೂವರೆ ವರ್ಷ ಕ್ಷಯರೋಗದ ಜೊತೆಗೆ ಸ್ವರ್ಗವಿದೆಯೇ ಎಂಬ ಕತ್ತಲೆಯೂ ಅವರ ಮನಸ್ಸನ್ನು ಕವಿದಿತ್ತು. ಆ ಕತ್ತಲೆಯಲ್ಲೂ ಅದೇ ಕೈಯನ್ನು ಹಿಡಿದು, 1897ರಲ್ಲಿ, 24ನೆಯ ವಯಸ್ಸಿನಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. ಈ ಪುಟ್ಟ ಮಾರ್ಗವನ್ನು ಕಲಿಸಿದ ಅವರನ್ನು 1997ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಧರ್ಮಸಭೆಯ ಪಂಡಿತೆಯೆಂದು ಘೋಷಿಸಿದರು.

ಈಗ ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿರುವ, ಬಾಯಿಬಿಟ್ಟು ಹೇಳಲಾಗದ ಮಾತಿಗೆ ಬರುತ್ತೇನೆ. ‘ತಂದೆ’ ಎಂದೊಡನೆ ಎಲ್ಲರಿಗೂ ಆಸರೆಯ ನೆನಪಾಗುವುದಿಲ್ಲ. ಕುಡಿದು ಬಂದು ಬಾಗಿಲು ಬಡಿದವರ ನೆನಪಾಗುತ್ತದೆ, ಅಮ್ಮನಿಗೆ ಬಿದ್ದ ಪೆಟ್ಟಿನ ನೆನಪಾಗುತ್ತದೆ, ಬಿಟ್ಟುಹೋದವರ ನೆನಪಾಗುತ್ತದೆ. ದೇವರು ತಂದೆಯಂತೆ ಎಂದರೆ ಅಂಥವರಿಗೆ ಭಯವೇ ಹೆಚ್ಚೀತು. ಸೋದರನೇ, ಸೋದರಿಯೇ, ನಿಮ್ಮ ತಂದೆಯನ್ನು ನೋಡಿ ದೇವರನ್ನು ಅಳೆಯಬೇಡಿ. ಯೇಸುಸ್ವಾಮಿ ತೋರಿಸಿದ ತಂದೆಯನ್ನು ನೋಡಿ. ಸಂತ ಲೂಕನ ಶುಭಸಂದೇಶದಲ್ಲಿ ಆತ ಮಗನನ್ನು ದೂರದಿಂದಲೇ ಕಂಡು ಓಡಿಹೋಗಿ ತಬ್ಬಿಕೊಳ್ಳುತ್ತಾನೆ. ಹೊಶೇಯ ಪ್ರವಾದಿಯ ಗ್ರಂಥದಲ್ಲಿ ದೇವರು ಮಗುವಿಗೆ ನಡೆಯಲು ಕಲಿಸುತ್ತಾರೆ, ಬಾಗಿ ಉಣಿಸುತ್ತಾರೆ. ಹೆತ್ತವಳು ಮರೆತರೂ ತಾನು ಮರೆಯೆನೆಂದು ಯೆಶಾಯನ ಮೂಲಕ ಮಾತು ಕೊಡುತ್ತಾರೆ. ಕೇವಲ 33 ದಿನ ಜಗದ್ಗುರುಗಳಾಗಿದ್ದ ಒಂದನೇ ಜಾನ್ ಪೌಲರು 1978ರ ಸೆಪ್ಟೆಂಬರ್ 10ರ ಭಾನುವಾರ, ದೇವರು ನಮಗೆ ತಂದೆ, ಅದಕ್ಕಿಂತಲೂ ಹೆಚ್ಚಾಗಿ ತಾಯಿ ಎಂದು ಹೇಳಿ ಎಲ್ಲರ ಮನ ಮುಟ್ಟಿದ್ದರು.

ಹಾಗಾದರೆ ದೇವರ ಮಕ್ಕಳಿಗೆ ಕಷ್ಟವೇ ಬಾರದೇ? ಬರುತ್ತದೆ. ಯೇಸುಸ್ವಾಮಿಯು ‘ಅಬ್ಬಾ’ ಎಂದು ಕರೆದದ್ದನ್ನು ಸಂತ ಮಾರ್ಕ ಬರೆದಿಡುವುದು ಗೆತ್ಸೆಮನೆ ತೋಟದ ಆ ಕಡುದುಃಖದ ರಾತ್ರಿಯಲ್ಲಿ. ಕಹಿಪಾತ್ರೆ ದೂರವಾಗಲೆಂದು ಬೇಡಿದರು. ಅದು ದೂರವಾಗಲಿಲ್ಲ. ಆದರೂ ಶಿಲುಬೆಯ ಮೇಲೆ ಕೊನೆಯುಸಿರೆಳೆಯುವಾಗ ತಮ್ಮ ಆತ್ಮವನ್ನು ಅದೇ ತಂದೆಯ ಕೈಗೊಪ್ಪಿಸಿದರು. ಆ ಕೈಗಳು ಅವರನ್ನು ಬಿಡಲಿಲ್ಲ. ಮೂರನೆಯ ದಿನ ಎಬ್ಬಿಸಿದವು. ನಮ್ಮ ಭದ್ರತೆಯೂ ಆ ಕೈಗಳಲ್ಲೇ ಇದೆ.

ಧರ್ಮಸಭೆಯು ತನ್ನ ರಾತ್ರಿಯ ಪ್ರಾರ್ಥನೆಯಲ್ಲಿ ಪ್ರತಿದಿನ ಆ ಒಪ್ಪಿಸುವಿಕೆಯನ್ನೇ ಪುನರುಚ್ಚರಿಸುತ್ತದೆ. ನೀವೂ ಇಂದು ರಾತ್ರಿ ಹಾಗೆ ಮಾಡಿ. ಜಪಸರ ಮುಗಿದ ಮೇಲೆ ನಿಮ್ಮ ಚಿಂತೆಗಳನ್ನು ಒಂದೊಂದಾಗಿ ಹೆಸರು ಹೇಳಿ ತಂದೆಯ ಮುಂದಿಡಿ. ಮಕ್ಕಳ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ. ಹಗಲು ಸಿಟ್ಟಿನಿಂದ ಅವರನ್ನು ನೋಯಿಸಿದ್ದರೆ, ಅಪ್ಪಂದಿರೇ, ಮಲಗುವ ಮುನ್ನ ಹತ್ತಿರ ಕರೆದು ತಲೆ ನೇವರಿಸಿ, ‘ತಪ್ಪಾಯಿತು ಮಗಾ’ ಎನ್ನಿ. ದೇವರ ತಂದೆತನದ ಮೊದಲ ಪಾಠವನ್ನು ಅವರು ಓದುವುದು ನಿಮ್ಮ ಮುಖದಲ್ಲೇ. ಬೆಳಗಾದಾಗ ಸಾಲ ತೀರಿರುವುದಿಲ್ಲ, ವರದಿ ಬದಲಾಗಿರುವುದಿಲ್ಲ. ಅದಕ್ಕೆ ಬೇಕಾದ ಓಡಾಟವನ್ನು ನೀವೇ ಮಾಡಬೇಕು. ಆದರೆ ಒಬ್ಬಂಟಿಯಾಗಿ ಅಲ್ಲ.

ಪ್ರಾರ್ಥಿಸೋಣ: ತಂದೆಯೇ, ನಮ್ಮ ಕೈಯಿಂದಾಗುವುದನ್ನು ಇಂದು ಮಾಡಿದ್ದೇವೆ, ಆಗದ್ದನ್ನು ನಿಮಗೆ ಬಿಟ್ಟಿದ್ದೇವೆ. ನಾವು ಮಲಗಿದಾಗಲೂ ಎಚ್ಚರವಿರುವವರು ನೀವು. ಈ ಮನೆಯನ್ನೂ, ನಿದ್ದೆ ಬಾರದ ಎಲ್ಲ ಮನೆಗಳನ್ನೂ ನಿಮ್ಮ ಮಡಿಲಲ್ಲಿಟ್ಟು ಕಾಯಿರಿ. ಆಮೆನ್.