ಮರಳಿನ ಚೀಲ ಗುರಿ ಹಿಡಿಯುವುದಿಲ್ಲ

ಕೃಷ್ಣರಾಜನಗರದ ನಮ್ಮ ತವರಿನ ಹಿತ್ತಿಲಲ್ಲಿ ಬಾಳೆ ಗೊನೆ ಬಿಟ್ಟಿತೆಂದರೆ ಅಪ್ಪ ಒಂದು ಕವೆಗೋಲು ತಂದು ಗಿಡಕ್ಕೆ ಆನಿಸಿ ನಿಲ್ಲಿಸುತ್ತಿದ್ದರು. ಗೊನೆಯ ಭಾರಕ್ಕೆ ಗಿಡ ಬೀಳಬಾರದಲ್ಲ! ಹಣ್ಣಾದ ಮೇಲೆ ಅಕ್ಕಪಕ್ಕದ ಮನೆಗಳಿಗೂ ಒಂದೊಂದು ಚಿಪ್ಪು ಹೋಗುತ್ತಿತ್ತು. ತಿಂದವರು ಯಾರೂ 'ಇದು ಬಾಳೆಯ ಹಣ್ಣಲ್ಲ, ಕೋಲಿನ ಹಣ್ಣು' ಎಂದು ಹೇಳಿದ್ದು ನನಗೆ ನೆನಪಿಲ್ಲ.

ಗಿಡಕ್ಕೆ ತೋರಿಸುವ ಈ ಔದಾರ್ಯವನ್ನು ನಾವು ಮನುಷ್ಯರಿಗೆ ತೋರಿಸುವುದಿಲ್ಲ. 'ಅವಳೇನು ಬಿಡಿ, ಅತ್ತೆ ಮಗು ನೋಡಿಕೊಂಡರು, ಇವಳು ನೌಕರಿ ಮಾಡಿದಳು' ಎನ್ನುತ್ತೇವೆ. 'ಟ್ಯೂಷನ್ ಇಟ್ಟರೆ ಯಾರಿಗೆ ಮಾರ್ಕ್ಸ್ ಬರುವುದಿಲ್ಲ?' ಎನ್ನುತ್ತೇವೆ. ಆಸರೆ ಪಡೆದು ಮಾಡಿದ ಕೆಲಸ ಮಾಡಿದವರದೋ, ಆಸರೆಯದೋ? ಈ ಪ್ರಶ್ನೆ ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು ಶಾಲೆಯಲ್ಲೂ ಅಲ್ಲ, ಮನೆಯಲ್ಲೂ ಅಲ್ಲ. ಬಂದೂಕು ಹೊಡೆಯುವ ಮೈದಾನದಲ್ಲಿ. ಹಿಡಿದು ನಿಲ್ಲಿಸಿದ್ದು ಎನ್ನುವುದಕ್ಕಿಂತ ನೆಲದ ಮೇಲೆ ಬೋರಲು ಮಲಗಿಸಿದ್ದು ಎಂದರೇ ಸರಿ.

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಆಗ ನಾನು ಹುಣಸೂರಿನ ಕಡೆ ಹೈಸ್ಕೂಲಿನಲ್ಲಿದ್ದೆ. ಎನ್.ಸಿ.ಸಿ. ಶಿಬಿರಕ್ಕೆ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಬಂದೂಕಿನ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟರಲ್ಲೇ. ಪಿರಿಯಾಪಟ್ಟಣ ದಾಟಿದರೆ ಕೊಡಗು. ಅಲ್ಲಿ ಸೆಪ್ಟೆಂಬರ್ ಮೊದಲಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗಳನ್ನಿಟ್ಟು ಪೂಜಿಸಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಸುತ್ತಾರೆ. ಒಮ್ಮೆ ನೋಡಿದ್ದೆ. ನೆಟ್ಟಗೆ ನಿಂತು, ತೋಳಿನ ಬಲದಿಂದಲೇ ಕೋವಿ ಎತ್ತಿ, ಕಾಯಿ ಒಡೆದವನೇ ಗುರಿಕಾರ ಎಂಬ ಚಿತ್ರ ಅಂದಿನಿಂದ ಮನಸ್ಸಿನಲ್ಲಿ ಕೂತಿತ್ತು.

ಶಿಬಿರದಲ್ಲಿ ಹಾಗಿರಲಿಲ್ಲ. ಮಕ್ಕಳು ಗ್ರೌಂಡ್‌ಶೀಟಿನ ಮೇಲೆ ಬೋರಲು ಮಲಗಿ, ಮರಳು ತುಂಬಿದ ಚೀಲಕ್ಕೆ ಎಡ ಮುಂಗೈ ಆನಿಸಿ, .22 ರೈಫಲಿನಿಂದ 25 ಗಜದ ಗುರಿಹಲಗೆಗೆ ತಲಾ 5 ಗುಂಡು ಹೊಡೆಯಬೇಕು. ನಮ್ಮ ಹುಡುಗಿಯರಲ್ಲಿ ಒಬ್ಬಳ ಐದು ಗುಂಡಿನಲ್ಲಿ ಒಂದೂ ನಡುವಿನ ಕಪ್ಪಿಗೆ ಬೀಳಲಿಲ್ಲ. ಉಳಿದವರು ಕಿಸಕ್ಕೆಂದರು. ನಾನೂ ಸುಮ್ಮನಿರದೆ ಹವಾಲ್ದಾರರಿಗೆ, "ಇವಳು ಕ್ಲಾಸಿನಲ್ಲೂ ಹೀಗೇ ಸಾರ್. ದಿನಾ ಲೇಟು. ಶಿಸ್ತೇ ಇಲ್ಲ" ಎಂದೆ. ಹುಡುಗಿ ತಲೆ ತಗ್ಗಿಸಿ ನಿಂತಳು.

ಹವಾಲ್ದಾರರು ಬಿಜಾಪುರದ ಕಡೆಯವರು. ಗುರಿಹಲಗೆಯ ಕಾಗದ ತಂದು ನನ್ನ ಮುಂದೆ ಹಿಡಿದರು. "ಮೇಡಂ, ಇಲ್ನೋಡ್ರಿ. ಐದೂ ತೂತು ಒಂದ ಕಡೆ ಬಿದ್ದಾವ. ಈ ಹುಡುಗಿ ಕೈ ಎಲ್ಲಾರ್ಕಿಂತ ಚಲೋ ಅದ." ನಿಜ. ಕೆಳಗೆ, ಎಡಕ್ಕೆ, ಒಂದು ರೂಪಾಯಿ ನಾಣ್ಯದಲ್ಲಿ ಮುಚ್ಚಬಹುದಾದಷ್ಟು ಜಾಗದಲ್ಲಿ ಐದೂ ಗುಂಪಾಗಿದ್ದವು. ನಕ್ಕ ಹುಡುಗಿಯರ ಗುಂಡುಗಳಲ್ಲಿ ಒಂದೆರಡು ಕಪ್ಪಿಗೆ ಬಿದ್ದಿದ್ದರೂ ಮಿಕ್ಕವು ದಿಕ್ಕಿಗೊಂದಾಗಿ ಚೆಲ್ಲಿದ್ದವು.

ಆಮೇಲೆ ಅವರು ಅದೇ ರೈಫಲನ್ನು ಪರೀಕ್ಷೆಗಿಟ್ಟರು. ಮುಂದೆ ಒಂದು ದೊಡ್ಡ ಚೀಲ, ಹಿಂದೆ ಬಟ್ಟಿನ ಕೆಳಗೆ ಒಂದು ಪುಟ್ಟ ಚೀಲ. ಮೊದಲು ನೆಲವನ್ನು ಸಮ ಮಾಡಿದರು. ಚೀಲವನ್ನು ಮುಷ್ಟಿಯಿಂದ ಗುದ್ದಿ ನಡುವೆ ತಗ್ಗು ಮಾಡಿದರು. ಬಂದೂಕಿನ ಮರದ ಭಾಗವನ್ನು ಆ ತಗ್ಗಿನಲ್ಲಿ ಕೂರಿಸಿದರು. "ನಳಿಗೆ ಚೀಲಕ್ಕ ತಾಗಬಾರ್ದರಿ, ತಾಗಿದ್ರ ಗುಂಡು ದಾರಿ ತಪ್ತದ" ಎಂದರು. ಮರಳು ತೀರ ಬಿಗಿಯಾಗಿದ್ದರೆ ಬಂದೂಕು ಪುಟಿಯುತ್ತದೆ. ತೀರ ಸಡಿಲವಾದರೆ ಹೂತುಹೋಗುತ್ತದೆ. ಪ್ರತಿ ಗುಂಡಿಗೂ ಬಂದೂಕು ಚೀಲದ ಮೇಲೆ ಅದೇ ಜಾಗದಲ್ಲೇ ಕೂರಬೇಕು. ಹಿಂದಿನ ಚೀಲವನ್ನು ಎಡಗೈಯಲ್ಲಿ ಹಿಡಿದು ಮೆಲ್ಲಗೆ ಹಿಚುಕಿದರೆ ಬಟ್ಟು ಕೂದಲೆಳೆಯಷ್ಟು ಏರಿ, ಮುಂದಿನ ಮೊನೆ ಅಷ್ಟೇ ಇಳಿಯುತ್ತದೆ. ಹೀಗೆಲ್ಲ ಹೊಂದಿಸಿ ಅವರು ಹೊಡೆದ ಗುಂಡುಗಳೂ ಕೆಳಗೆ, ಎಡಕ್ಕೇ ಬಿದ್ದವು. ತಪ್ಪು ಹುಡುಗಿಯದಲ್ಲ, ಬಂದೂಕಿನ ಗುರಿಕಂಡಿ ಸರಿದಿತ್ತು.

ಸೋತ ಸಿಟ್ಟಿಗೆ ನಾನು, "ಚೀಲ ಇಟ್ಟುಕೊಂಡರೆ ಯಾರು ಬೇಕಾದರೂ ಹೊಡೀತಾರೆ ಬಿಡಿ" ಎಂದೆ.

"ಹಂಗಾದ್ರ ನೀವ ಒಂದ್ಸಲ ಹೊಡದ್ ನೋಡ್ರಿ."

ಮಕ್ಕಳ ಮುಂದೆ ಹಿಂಜರಿಯುವಂತಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮಲಗಿದೆ. ಕಂಡಿ ಸರಿಯಿದ್ದ ಬೇರೆ ಬಂದೂಕು, ಅವವೇ ಎರಡು ಚೀಲ, ಅದೇ ನೆಲ. ಐದು ಗುಂಡಿನಲ್ಲಿ ಎರಡು ಕಾಗದಕ್ಕೇ ತಾಗಲಿಲ್ಲ. ಮೂರು ಮೂರು ಮೂಲೆಗೆ ಬಿದ್ದವು. ಟ್ರಿಗರನ್ನು ಮೆಲ್ಲಗೆ ಒತ್ತುವ ಬದಲು ಬಾವಿಯ ಹಗ್ಗದಂತೆ ಎಳೆದಿದ್ದೆ. ಶಬ್ದಕ್ಕೆ ಮೊದಲೇ ಕಣ್ಣು ಮುಚ್ಚಿದ್ದೆ. ಹವಾಲ್ದಾರರು ನಗಲಿಲ್ಲ. "ಚೀಲ ಭಾರ ಹೊರ್ತದರಿ ಮೇಡಂ, ಗುರಿ ಹಿಡಿಯೂದಿಲ್ಲ" ಎಂದರು ಅಷ್ಟೆ.

ಆ ರಾತ್ರಿ ಶಿಬಿರದಲ್ಲಿ ನನಗೆ ನಿದ್ದೆ ಬರಲಿಲ್ಲ. ನನ್ನ ಗುಂಡು ತಪ್ಪಿದ್ದಕ್ಕಲ್ಲ. ಐದೂ ಒಂದೇ ಕಡೆ ಬಿದ್ದ ಆ ತೂತುಗಳು ಕಣ್ಣಿಗೆ ಕಟ್ಟಿದ್ದವು. ಅಡ್ಡಾದಿಡ್ಡಿ ಬಿದ್ದ ತಪ್ಪಿಗೆ ಕೈಯ ನಡುಕ ಕಾರಣವಿರಬಹುದು, ಅಜಾಗ್ರತೆ ಇರಬಹುದು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬೀಳುವ ತಪ್ಪಿಗೆ ಬೇರೆ ಕಾರಣವಿರಲೇಬೇಕು. ಈ ಹುಡುಗಿ ಎಂದು ಲೇಟಾಗಿ ಬರುತ್ತಿದ್ದಳು? ಎಷ್ಟು ಲೇಟು? ಊರಿಗೆ ಬಂದವಳೇ ಹಾಜರಿ ಪುಸ್ತಕ ತೆಗೆದು ನೋಡಿದೆ. ಜೂನ್, ಜುಲೈನಲ್ಲಿ ಒಂದು ದಿನವೂ ಇಲ್ಲ. ಆಗಸ್ಟಿನಿಂದ ದಸರೆಯವರೆಗೆ ಹೆಚ್ಚುಕಡಿಮೆ ದಿನಾ, ಮೊದಲ ಪೀರಿಯಡ್ಡು ಮುಗಿಯುವ ಹೊತ್ತಿಗೆ. ಮೊದಲ ಪೀರಿಯಡ್ಡು ನನ್ನದೇ. ಅಷ್ಟು ದಿನವೂ ಅವಳನ್ನು ಬಾಗಿಲಾಚೆ ನಿಲ್ಲಿಸಿದವಳೂ ನಾನೇ.

ಕರೆದು ಕೇಳಿದೆ. ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದು ಹೊಗೆಸೊಪ್ಪು ಬೇಯಿಸುವ ಕಾಲ. ಬ್ಯಾರನ್ನಿಗೆ ಸೊಪ್ಪು ಏರಿಸಿದರೆ ಹಲವು ದಿನ ಹಗಲೂ ರಾತ್ರಿ ಬೆಂಕಿ ಆರಬಾರದು. ಮೊದಲು ಸಣ್ಣ ಕಾವಿನಲ್ಲಿ ಎಲೆ ಹಳದಿಯಾಗಬೇಕು, ಆಮೇಲೆ ಕಾವು ಏರಿಸುತ್ತ ಎಲೆ ಒಣಗಿಸಬೇಕು, ಕೊನೆಗೆ ದಂಟು. ರಾತ್ರಿಯೆಲ್ಲ ಸೌದೆ ಒಟ್ಟುವ ಕೂಲಿ ಅವಳ ತಾಯಿಯದು. ಬೆಳಿಗ್ಗೆ ಬದಲಿ ಆಳು ಬರುವತನಕ ಒಲೆ ಬಿಟ್ಟು ಬರುವಂತಿಲ್ಲ. ಅಮ್ಮ ಬರುವವರೆಗೆ ಈ ಮಗು ಅಡಿಗೆ ಮಾಡಿ, ತಮ್ಮನನ್ನು ನೋಡಿಕೊಂಡು, ಓಡಿ ಬರುತ್ತಿತ್ತು.

"ಯಾಕೆ ಹೇಳಲಿಲ್ಲ?" ಎಂದೆ.

"ನೀವು ಕೇಳಲಿಲ್ಲ ಮಿಸ್."

ಮಾರನೆಯ ದಿನದಿಂದ ಅವಳು ಬಂದಾಗ ಸುಮ್ಮನೆ ಒಳಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರುವುದೆಂದೂ, ತಪ್ಪಿದ ಪಾಠವನ್ನು ಮಧ್ಯಾಹ್ನ ಊಟದ ಹೊತ್ತಿನಲ್ಲಿ ನಾನು ಹೇಳಿಕೊಡುವುದೆಂದೂ ಆಯಿತು. ಪರೀಕ್ಷೆಯಲ್ಲಿ ಒಂದು ಅಂಕವನ್ನೂ ಹೆಚ್ಚಿಗೆ ಹಾಕಲಿಲ್ಲ. ಆದರೂ ಸ್ಟಾಫ್ ರೂಮಿನಲ್ಲಿ, "ಇವಳಿಗೊಂದು ನ್ಯಾಯ, ಮಿಕ್ಕವರಿಗೊಂದು ನ್ಯಾಯವೇ?" ಎಂಬ ಮಾತು ಬಂತು. ಕೇಳಿದವರು ಕೆಟ್ಟವರಲ್ಲ, ಪ್ರಶ್ನೆಯೂ ಕೆಟ್ಟದ್ದಲ್ಲ. ನನಗೆ ಆಗ ಉತ್ತರ ಹೊಳೆಯಲಿಲ್ಲ.

ಉತ್ತರದ ಒಂದು ತುದಿ ಸಿಕ್ಕಿದ್ದು ಬಹಳ ವರ್ಷದ ಮೇಲೆ, ಪ್ಯಾರಾಲಿಂಪಿಕ್ಸ್ ಸುದ್ದಿ ಓದುವಾಗ. ಅವನಿ ಲೇಖರಾ ಗಾಲಿಕುರ್ಚಿಯಲ್ಲಿ ಕೂತು 10 ಮೀಟರ್ ಏರ್ ರೈಫಲಿನಲ್ಲಿ 2021ರಲ್ಲಿ ಟೋಕಿಯೋದಲ್ಲೂ, 2024ರಲ್ಲಿ ಪ್ಯಾರಿಸ್ಸಿನಲ್ಲೂ ಚಿನ್ನ ಗೆದ್ದರು. ಬಂದೂಕಿನ ಭಾರ ಅವರದೇ ತೋಳಿನ ಮೇಲಿತ್ತು. ಪ್ಯಾರಿಸ್ಸಿಗೆ ನಮ್ಮ ಹುಬ್ಬಳ್ಳಿಯ ಶ್ರೀಹರ್ಷ ದೇವರೆಡ್ಡಿಯವರೂ ಹೋಗಿದ್ದರು, ಬೇರೆ ವರ್ಗದಲ್ಲಿ. ತೋಳು ಬಂದೂಕಿನ ಭಾರ ಹೊರಲಾಗದವರ ವರ್ಗ ಅದು. ಅವರಿಗೆ ಒಂದು ಸ್ಟ್ಯಾಂಡು ಕೊಡುತ್ತಾರೆ. ಆ ಸ್ಟ್ಯಾಂಡು ಗಟ್ಟಿಯಾಗಿ ಹಿಡಿದು ನಿಲ್ಲುವುದಿಲ್ಲ, ಅದಕ್ಕೊಂದು ಸ್ಪ್ರಿಂಗು. ಬಂದೂಕು ಅದರ ಮೇಲೆ ಅಲುಗಾಡುತ್ತಲೇ ಇರುತ್ತದೆ. ಭಾರ ಸ್ಟ್ಯಾಂಡಿನದು, ಅಲುಗಾಟ ನಿಲ್ಲಿಸಿ ಅರ್ಧ ಮಿಲಿಮೀಟರಿನ ನಡುಚುಕ್ಕೆಗೆ ಗುರಿಯಿಡುವುದು ಮನುಷ್ಯನದು. ಎಲ್ಲರಿಗೂ ಒಂದೇ ಆಸರೆ ಕೊಡುವುದು ನ್ಯಾಯವಲ್ಲ, ಯಾರಿಗೂ ಕೊಡದಿರುವುದೂ ನ್ಯಾಯವಲ್ಲ. ಹೊರಲಾಗದ ಭಾರವನ್ನು ಮಾತ್ರ ತೆಗೆದು, ಗುರಿಯನ್ನು ಅವರಿಗೇ ಬಿಡುವುದು ನ್ಯಾಯ. ಅಂದು ಸ್ಟಾಫ್ ರೂಮಿನಲ್ಲಿ ನಾನು ಹೇಳಬೇಕಾಗಿದ್ದ ಮಾತು ಇದು.

ಇದರ ಇನ್ನೊಂದು ತುದಿಯನ್ನು ಕಲಿಸಿದವಳು ನನ್ನಮ್ಮ. ಕೊನೆಗಾಲದಲ್ಲಿ ಅವಳ ಕೈ ನಡುಗುತ್ತಿತ್ತು. ನಾನು ರಜೆ ಹಾಕಿ ಹೋದವಳು ಎಲ್ಲವನ್ನೂ ಮಾಡಿಬಿಡುತ್ತಿದ್ದೆ. ತುತ್ತು ಇಟ್ಟೆ, ತಲೆ ಬಾಚಿದೆ, ದೇವರ ದೀಪವನ್ನೂ ನಾನೇ ಹಚ್ಚಿದೆ. ಒಂದು ಸಂಜೆ ಅಮ್ಮ ರೇಗಿದಳು. "ನಾನಿನ್ನೂ ಸತ್ತಿಲ್ಲ ಕಣೇ. ಮೊಣಕೈ ಹಿಡ್ಕೋ ಸಾಕು, ಕಡ್ಡಿ ನಾನೇ ಗೀರ್ತೀನಿ." ಹಿಡಿದುಕೊಂಡೆ. ಮೂರು ಕಡ್ಡಿ ವ್ಯರ್ಥವಾಯಿತು, ನಾಲ್ಕನೆಯದಕ್ಕೆ ದೀಪ ಹತ್ತಿತು. ನಳಿಗೆಗೆ ಚೀಲ ತಾಗಬಾರದು ಎಂದಿದ್ದರಲ್ಲ ಹವಾಲ್ದಾರರು, ಅದು ನೆನಪಾಯಿತು. ನಾವು ಹೆಂಗಸರು ಆಸರೆಯಾಗುವುದರಲ್ಲಿ ಪಳಗಿದವರು. ಆದರೆ ಆಸರೆ ಯಾವಾಗ ನಳಿಗೆಗೆ ತಾಗಿತು, ಮಗನ ಓದನ್ನು, ಸೊಸೆಯ ಅಡಿಗೆಯನ್ನು, ಮುದುಕಿಯ ದೀಪವನ್ನು ಯಾವಾಗ ನಮ್ಮದು ಮಾಡಿಕೊಂಡೆವು ಎಂಬುದು ನಮಗೇ ತಿಳಿಯುವುದಿಲ್ಲ.

ಆ ಹುಡುಗಿ ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತ ಹೋಗಿಸಿಕೊಂಡು, ಮರುಪರೀಕ್ಷೆಯಲ್ಲಿ ಪಾಸಾದಳು. ಆಮೇಲೆ ಎಲ್ಲಿಗೆ ಹೋದಳೋ ತಿಳಿಯದು. ನನ್ನನ್ನು ಕಾಡುವುದು ಅವಳಲ್ಲ. ಅವಳಿಗೆ ಬಹಳ ಮೊದಲು, ಹೆಗ್ಗಡದೇವನಕೋಟೆಯಲ್ಲಿ, ನನ್ನ ನೌಕರಿಯ ಮೊದಲ ವರ್ಷಗಳಲ್ಲಿ, ಕಬಿನಿ ಹಿನ್ನೀರಿನಾಚೆಯ ಊರುಗಳಿಂದ ಬರುತ್ತಿದ್ದ ಮಕ್ಕಳು ಕಾಡುತ್ತಾರೆ. ಅವರೂ ಲೇಟಾಗುತ್ತಿದ್ದರು. ಅವರನ್ನೂ ಬಾಗಿಲಾಚೆ ನಿಲ್ಲಿಸಿದ್ದೆ. ಅವರ ತಪ್ಪುಗಳೆಲ್ಲ ಒಂದೇ ಜಾಗದಲ್ಲಿ ಬಿದ್ದಿದ್ದವೋ ಏನೋ, ನಾನು ಕಾಗದ ತೆಗೆದು ನೋಡಿರಲಿಲ್ಲ.