ಹೊಸ ಹಲಗೆ ಎಲ್ಲಿಂದ ಬಂತು?

"ಇದನ್ನ ಬದುಕಿಸ್ಬೇಕು ಅಂದ್ರೆ ಇನ್ನೊಂದು ಗಾಡಿ ಬೇಕು, ನೋಡಪ್ಪ" ಎಂದರು ಮೇಸ್ತ್ರಿ. ಮೈಸೂರಿನ ಅವರ ಶೆಡ್ಡಿನಲ್ಲಿ ಗೋಣಿಚೀಲ ಹಾಸಿ, ನನ್ನ ಸೋದರಮಾವನ ಯೆಜ್ಡಿಯ ಇಂಜಿನ್ನನ್ನು ಎರಡು ಹೋಳಾಗಿ ಬಿಚ್ಚಿ ಇಟ್ಟಿದ್ದರು. ಎಂದೋ ಒಂದು ದಿನ ಕನೆಕ್ಟಿಂಗ್ ರಾಡು ತುಂಡಾಗಿ, ಸುತ್ತುತ್ತಿದ್ದ ವೇಗಕ್ಕೆ ಕ್ರ್ಯಾಂಕ್‌ಕೇಸಿನ ಬಾಯನ್ನೇ ಸೀಳಿಬಿಟ್ಟಿತ್ತು. ಬಿರುಕು ಬೇರಿಂಗ್ ಕೂರುವ ಜಾಗದವರೆಗೂ ಓಡಿತ್ತು.

ಇನ್ನೊಂದು ಗಾಡಿ ಬೇಕು ಎನ್ನುವುದು ಆ ಕಸುಬಿನಲ್ಲಿ ದಿನವೂ ಕೇಳುವ ಮಾತು. ನಾನು ತತ್ವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿರುವವನು. ಆ ಮಾತು ಅರ್ಥವಾಗಲು ನನಗೆ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು.

ಮಾವ ಆ ಗಾಡಿ ಕೊಂಡಿದ್ದು 1983ರಲ್ಲಿ. ರೋಡ್‌ಕಿಂಗ್. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ್ದು. 1961ರಿಂದ ಅಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಗಾಡಿಗಳು ತಯಾರಾಗುತ್ತಿದ್ದವು, 1973ರಿಂದ ಅವಕ್ಕೆ ಯೆಜ್ಡಿ ಎಂದು ಹೆಸರಾಯಿತು. 250 ಸಿಸಿಯ ಟೂ ಸ್ಟ್ರೋಕ್ ಇಂಜಿನ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ ಹೊಡೆಯುವುದಕ್ಕೂ ಗೇರ್ ಹಾಕುವುದಕ್ಕೂ ಒಂದೇ ಲಿವರ್. ಮೈಸೂರಿನ ಆ ತಲೆಮಾರಿನವರಿಗೆ ಇದನ್ನೆಲ್ಲ ಹೇಳಬೇಕಾಗಿಲ್ಲ. ಬೀದಿಯ ತುದಿಯಲ್ಲಿ ಸದ್ದು ಕೇಳಿದರೆ ಯಾರ ಮನೆಯ ಗಾಡಿ ಎಂದು ಹೇಳುವವರು ಅವರು.

ಮಾವ ಎರಡೇ ವರ್ಷದಲ್ಲಿ ಆ ಗಾಡಿಯನ್ನು ಮಣ್ಣಿನ ರೇಸಿಗೆ ಒಗ್ಗಿಸಿಕೊಂಡರು. ಹೆಡ್‌ಲೈಟು, ಇಂಡಿಕೇಟರು, ಸೈಡ್ ಬಾಕ್ಸುಗಳು ಹೋದವು. ಮಡ್‌ಗಾರ್ಡು ಕತ್ತರಿಸಿ ಎತ್ತರಕ್ಕೆ ಕೂರಿಸಿದರು. ಎರಡು ಸೈಲೆನ್ಸರ್ ಹೋಗಿ ಹೊಟ್ಟೆ ಉಬ್ಬಿದ ಒಂದೇ ಕೊಳವೆ ಬಂತು. ಸಿಲಿಂಡರಿನ ಪೋರ್ಟುಗಳನ್ನು ಅರ ಹಾಕಿ ಉಜ್ಜಿ ಅಗಲ ಮಾಡಿದರು, ಮಣ್ಣು ಕಚ್ಚುವ ಗುಬುಟಿನ ಟೈರು ಹಾಕಿದರು. ಈ ಇಂಜಿನ್ನಿನ ಮನೆತನಕ್ಕೆ ಮಣ್ಣು ಹೊಸದೇನಲ್ಲ. ಜಾವಾದ ಒಡನಾಡಿ ಸಂಸ್ಥೆ ಚೆಕ್ ದೇಶದ ಸ್ಟ್ರಾಕೊನಿಟ್ಸೆಯ ಸಿಝಡ್. ಅದರ ಟೂ ಸ್ಟ್ರೋಕ್ ಗಾಡಿಯ ಮೇಲೆ ಕೂತು ಬೆಲ್ಜಿಯಂನ ಜೋಯೆಲ್ ರಾಬರ್ಟ್ 1964ರಲ್ಲಿ 250 ಸಿಸಿ ಮೋಟೋಕ್ರಾಸ್ ವಿಶ್ವ ಚಾಂಪಿಯನ್ ಆದ, ಮುಂದೆ 1968 ಮತ್ತು 1969ರಲ್ಲೂ ಗೆದ್ದ. ಮಾವನ ಹಳೆಯ ಪೆಟ್ಟಿಗೆಯಲ್ಲಿ ಅವನ ಫೋಟೋದ ಪತ್ರಿಕೆಯ ತುಣುಕೊಂದು ನನಗೆ ಸಿಕ್ಕಿತು. ಮಾವ ಗೆದ್ದದ್ದು ಕಡಿಮೆ, ಬಿದ್ದದ್ದು ಹೆಚ್ಚು. ಹೋದ ವರ್ಷದ ಹಿಂದಿನ ವರ್ಷ ಅವರು ತೀರಿಕೊಂಡಾಗ ಅತ್ತೆ ಗಾಡಿಯನ್ನು ನನಗೆ ಕೊಟ್ಟರು. "ಗುಜರಿಗೆ ಹಾಕಕ್ಕೆ ಮನಸ್ಸು ಬರಲಿಲ್ಲ" ಎಂದಷ್ಟೇ ಹೇಳಿದರು.

ಮೊದಲು ಎದುರಾದದ್ದು ಸಣ್ಣ ಪ್ರಶ್ನೆ. ಹಳೆಯ ಸ್ಥಿತಿಗೆ ತರುವುದು ಎಂದರೆ ಯಾವ ಸ್ಥಿತಿಗೆ? ಯೆಜ್ಡಿ ಪ್ರೇಮಿಗಳೆಲ್ಲ ಕಾರ್ಖಾನೆಯಿಂದ ಹೊರಬಂದ ದಿನದ ರೂಪಕ್ಕೆ ತರಬೇಕು ಎಂದರು. ಆ ರೂಪದಲ್ಲಿ ಅದು ಬದುಕಿದ್ದು ಎರಡು ವರ್ಷ, ಮಾವನ ರೂಪದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ. ನಾನು ಮಾವನ ರೂಪವನ್ನೇ ಆರಿಸಿಕೊಂಡೆ. ಆದರೆ ಒಂದು ವಿಷಯ ಆಗ ತಲೆಗೆ ಹೊಕ್ಕಿತು. ಮಾವ ಬಿಚ್ಚಿ ಮಾರಿದ ಹೆಡ್‌ಲೈಟು, ಸೈಡ್ ಬಾಕ್ಸು, ಸೈಲೆನ್ಸರುಗಳು ಇವತ್ತು ಇನ್ಯಾರದೋ ರೋಡ್‌ಕಿಂಗನ್ನು 'ಅಪ್ಪಟ ಒರಿಜಿನಲ್' ಮಾಡಿರಬಹುದು. ಒಂದು ಒಳ್ಳೆಯ ಗಾಡಿಯನ್ನು ಮಾವ ಮೊದಲೇ ಒಮ್ಮೆ ಒಡೆದಿದ್ದರು. 1985ರಲ್ಲಿ ಯಾರೂ ಅದನ್ನು ತಪ್ಪೆನ್ನಲಿಲ್ಲ. ಕಾರ್ಖಾನೆ ನಡೆಯುತ್ತಿತ್ತು, ಹೊಸದು ಬರುತ್ತಲೇ ಇತ್ತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಲ್ಲಿಂದಾಚೆಗೆ ಅದೇ ಸ್ಪ್ಯಾನರಿನ ಅದೇ ತಿರುಗುವಿಕೆಗೆ ಬೇರೆ ಅರ್ಥ ಬಂತು.

ಬಿಡಿಭಾಗ ಹುಡುಕಲು ಹೊರಟವನಿಗೆ ಈ ಅರ್ಥ ಬೇಗ ತಿಳಿಯುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರ, ಮೈಸೂರಿನ ಹಳೆಯ ಅಂಗಡಿಗಳು ಎಲ್ಲ ಸುತ್ತಿದೆ. ಸಿಗುವ ಮಾಲು ಮೂರು ಬಗೆ. ಒಂದು, ಕಾರ್ಖಾನೆಯ ಕಾಲದ್ದೇ ಆದ, ಪೊಟ್ಟಣವನ್ನೇ ಬಿಚ್ಚದ ಹಳೇ ಸ್ಟಾಕು. ಗ್ರೀಸು ಒಣಗಿ ಜೇನುಮೇಣದಂತೆ ಆಗಿರುತ್ತದೆ, ಅಂಗಡಿಯವರು ಅದನ್ನು ಗಾಜಿನ ಬೀರುವಿನಿಂದ ಎರಡು ಕೈಯಲ್ಲಿ ಎತ್ತಿಕೊಡುತ್ತಾರೆ. ಎರಡು, ಈಗ ಯಾರೋ ಅಚ್ಚು ಹಾಕಿ ಮಾಡಿದ ನಕಲು. ಪಿಸ್ಟನ್, ರಿಂಗು, ಆಯಿಲ್ ಸೀಲು, ರಬ್ಬರುಗಳಿಗೆ ಇದು ನಡೆಯುತ್ತದೆ. ಮೂರು, ಇನ್ನೊಂದು ಗಾಡಿಯಿಂದ ಬಿಚ್ಚಿದ್ದು. 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಗಾಡಿಗಳು ಬಂದವು ನಿಜ, ಆದರೆ ಅವು ಫೋರ್ ಸ್ಟ್ರೋಕ್. ಅವುಗಳ ಇಂಜಿನ್ನಿನ ಯಾವ ಭಾಗವೂ ನಮ್ಮದಕ್ಕೆ ಕೂರುವುದಿಲ್ಲ.

ಕ್ರ್ಯಾಂಕ್‌ಕೇಸು ಮೂರನೆಯ ಬಗೆಯದು. ಟೂ ಸ್ಟ್ರೋಕಿನಲ್ಲಿ ಅದು ಬರೀ ಹೊರಗವಚ ಅಲ್ಲ. ಪೆಟ್ರೋಲು-ಗಾಳಿಯ ಮಿಶ್ರಣ ಮೊದಲು ಬರುವುದು ಅಲ್ಲಿಗೆ. ಪಿಸ್ಟನ್ ಕೆಳಗಿಳಿಯುವಾಗ ಅಲ್ಲೇ ಒತ್ತಡಕ್ಕೆ ಸಿಕ್ಕಿ, ಪೋರ್ಟುಗಳ ಮೂಲಕ ಮೇಲೇರುತ್ತದೆ. ಅಂದರೆ ಅದು ಇಂಜಿನ್ನಿನ ಶ್ವಾಸಕೋಶ, ಕೂದಲೆಳೆಯಷ್ಟು ಗಾಳಿ ಸೋರಿದರೂ ಕೆಡುತ್ತದೆ. ಎರಡು ಹೋಳುಗಳನ್ನು ಜೋಡಿಯಾಗಿಯೇ ಕೊರೆದಿರುತ್ತಾರೆ, ಆದ್ದರಿಂದ ಒಂದನ್ನು ಮಾತ್ರ ಬದಲಿಸಿದರೆ ಹೊಂದುವುದಿಲ್ಲ. ಮೇಲಾಗಿ ಇಂಜಿನ್ ನಂಬರನ್ನು ಕೊರೆದಿರುವುದೂ ಅದರ ಮೇಲೆಯೇ. ಕ್ರ್ಯಾಂಕ್‌ಕೇಸ್ ಕೊಟ್ಟ ಗಾಡಿ ಕಾಗದದಲ್ಲೂ ಸಾಯುತ್ತದೆ.

ತತ್ವಶಾಸ್ತ್ರದ ಮೊದಲ ವರ್ಷದಲ್ಲೇ ಎಲ್ಲರಿಗೂ ಹೇಳುವ ಒಂದು ಕಥೆ ಇದೆ. ಥೀಸಿಯಸ್‌ನ ಹಡಗನ್ನು ಅಥೆನ್ಸಿನವರು ಕಾಪಾಡಿಕೊಂಡು ಬಂದರು. ಹಲಗೆ ಕೊಳೆತಂತೆಲ್ಲ ತೆಗೆದು ಹೊಸದನ್ನು ಹಾಕಿದರು. ಕೊನೆಗೆ ಉಳಿದದ್ದು ಅದೇ ಹಡಗೋ, ಬೇರೆಯೋ ಎಂದು ಪಂಡಿತರು ಜಗಳವಾಡಿದರಂತೆ. ಇದನ್ನು ಬರೆದಿಟ್ಟವನು ಪ್ಲೂಟಾರ್ಕ್. ಹದಿನೇಳನೆಯ ಶತಮಾನದಲ್ಲಿ ಹಾಬ್ಸ್ ಇದಕ್ಕೊಂದು ತಿರುವು ಕೊಟ್ಟ: ತೆಗೆದೆಸೆದ ಹಳೆಯ ಹಲಗೆಗಳನ್ನೆಲ್ಲ ಒಬ್ಬ ಕೂಡಿಟ್ಟು ಇನ್ನೊಂದು ಹಡಗು ಕಟ್ಟಿದರೆ, ಆಗ ಯಾವುದು ಥೀಸಿಯಸ್‌ನದು? ನಮ್ಮ ಕಡೆಯ ಮಿಲಿಂದಪನ್ಹದಲ್ಲಿ ಭಿಕ್ಷು ನಾಗಸೇನ ಇನ್ನೂ ಬುಡಕ್ಕೇ ಹೋಗುತ್ತಾನೆ. ರಥವೆಂದರೆ ಅಚ್ಚೇ, ಗಾಲಿಯೇ, ನೊಗವೇ ಎಂದು ರಾಜನನ್ನು ಕೇಳುತ್ತ ಹೋಗಿ, ಈ ಭಾಗಗಳ ಹೊಂದಿಕೆಗೆ ನಾವು ಇಟ್ಟ ಹೆಸರಷ್ಟೇ ರಥ ಎಂಬಲ್ಲಿಗೆ ತಂದು ನಿಲ್ಲಿಸುತ್ತಾನೆ.

ಈ ಮೂರನ್ನೂ ನಾನು ತರಗತಿಯಲ್ಲಿ ಪಾಠ ಮಾಡಿದ್ದೇನೆ. ಹೊಸ ಹಲಗೆ ಎಲ್ಲಿಂದ ಬಂತು ಎಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಕಥೆಯಲ್ಲಿ ಕಾಡು ಇದೆ, ಮರ ಬೇಕಾದಷ್ಟಿದೆ ಎಂದು ನಾವೆಲ್ಲ ಸುಮ್ಮನೆ ಒಪ್ಪಿಕೊಂಡಿರುತ್ತೇವೆ. ಕಾಡೇ ಇಲ್ಲದಿದ್ದರೆ? ಪ್ರತಿ ಹಲಗೆಯನ್ನೂ ಇನ್ನೊಂದು ಹಡಗಿನಿಂದಲೇ ಕೀಳಬೇಕಾದರೆ? ಆಗ 'ಇದು ಅದೇ ಹಡಗೇ' ಎಂಬ ಪ್ರಶ್ನೆ ಹಿಂದೆ ಸರಿದು, 'ಇದು ಅದೇ ಆಗಿರಬೇಕೆಂದು ಇನ್ನೊಂದನ್ನು ಇಲ್ಲವಾಗಿಸುವ ಹಕ್ಕು ಯಾರಿಗಿದೆ' ಎಂಬುದು ಮುಂದೆ ಬರುತ್ತದೆ.

ಆ ಇನ್ನೊಂದು ಹಡಗು ನನಗೆ ನಂಜನಗೂಡಿನ ಕಡೆಯ ಒಂದು ಹಳ್ಳಿಯಲ್ಲಿ ಸಿಕ್ಕಿತು. ಕೊಟ್ಟಿಗೆಯ ಮೂಲೆಯಲ್ಲಿ ನಿಂತಿದ್ದ ರೋಡ್‌ಕಿಂಗ್. ಸೀಟಿನ ಮೇಲೆ ಕೋಳಿ ಕೂತು ಕೂತು ಬೆಳ್ಳಗಾಗಿತ್ತು. ಮನೆಯ ಅಜ್ಜಿ ಎಂಟು ಸಾವಿರ ಕೇಳಿದರು. ಓಡುವ ರೋಡ್‌ಕಿಂಗಿಗೆ ಜನ ಅದರ ಎಷ್ಟೋ ಪಟ್ಟು ಕೊಡುತ್ತಾರೆಂದು ನನಗೆ ಗೊತ್ತಿತ್ತು. ಫೆಲೋಶಿಪ್ಪಿನ ದುಡ್ಡು ನೆನಪಿಗೆ ಬಂದು ಬಾಯಿ ಮುಚ್ಚಿಕೊಂಡೆ. ಗಾಡಿಯನ್ನು ಟೆಂಪೋಗೆ ಏರಿಸುವಾಗ ಅಜ್ಜಿ ಕೇಳಿದರು: "ನಮ್ಮ ಯಜಮಾನ್ರು ಮಡಗಿದ್ದು ಕಣಪ್ಪ. ಓಡೋ ಹಂಗೆ ಮಾಡ್ತೀಯಾ?"

"ಮಾಡ್ತೀನಿ ಅಜ್ಜಿ, ಓಡುತ್ತೆ" ಎಂದೆ.

ಅದು ಪೂರ್ತಿ ಸುಳ್ಳಲ್ಲ ಎಂದು ದಾರಿಯುದ್ದಕ್ಕೂ ವಾದ ಹೂಡಿಕೊಂಡೆ. ಅದರ ಕ್ರ್ಯಾಂಕ್‌ಕೇಸು ಓಡುತ್ತದಲ್ಲ, ನನ್ನ ಗಾಡಿಯಲ್ಲಿ. ನಾಗಸೇನನ ಪ್ರಕಾರ 'ಗಾಡಿ' ಎನ್ನುವುದೇ ಒಂದು ಹೆಸರು ತಾನೇ? ಇಷ್ಟು ವರ್ಷ ಓದಿದ ತತ್ವಶಾಸ್ತ್ರ ಅವತ್ತು ನನಗೆ ಒದಗಿದ್ದು ಹೀಗೆ.

ಶೆಡ್ಡಿನಲ್ಲಿ ಮೇಸ್ತ್ರಿ ಅಜ್ಜಿಯ ಗಾಡಿಯ ಪ್ಲಗ್ ಬಿಚ್ಚಿ ಒಳಗೆ ಡೀಸೆಲ್ ಸುರಿದರು. ತುಕ್ಕಿಗೆ ಹಿಡಿದುಕೊಂಡಿದ್ದ ಪಿಸ್ಟನ್ ನಾಲ್ಕನೆಯ ದಿನ ಅಲುಗಿತು. ಇಂಜಿನ್ ಬಿಚ್ಚಿ, ಕನೆಕ್ಟಿಂಗ್ ರಾಡನ್ನು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿ ನೋಡಿದರು. ಆಟ ಇರಲಿಲ್ಲ. ಬೀಡಿ ಹಚ್ಚಿಕೊಂಡು ನನ್ನ ಕಡೆ ತಿರುಗಿದರು. "ಇದಕ್ಕೆ ಸೀಲು, ರಿಂಗು, ಪಾಯಿಂಟ್ಸ್ ಹಾಕಿದ್ರೆ ಸಾಕು, ಓಡ್ತದೆ. ನಿಮ್ಮ ಮಾವಂದು ಓಡ್ಬೇಕು ಅಂದ್ರೆ ಇದರ ಹೊಟ್ಟೆ ಬಗೀಬೇಕು. ಹೇಳಪ್ಪ, ಯಾವುದು ಮಾಡ್ಲಿ?"

ಮನುಷ್ಯರ ವಿಷಯದಲ್ಲಿ ಈ ಪ್ರಶ್ನೆಗೆ ನಾವು ಕಾನೂನು ಮಾಡಿಕೊಂಡಿದ್ದೇವೆ. ನಮ್ಮ ದೇಶದ 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಮಿದುಳುಕಾಂಡ ಸತ್ತಿದೆ ಎಂದು ಒಂದು ವೈದ್ಯರ ಮಂಡಳಿ ಪ್ರಮಾಣೀಕರಿಸಬೇಕು, ಕಸಿ ಮಾಡುವ ವೈದ್ಯರು ಆ ಮಂಡಳಿಯಲ್ಲಿ ಇರುವಂತಿಲ್ಲ. ಅದರ ಹಿಂದಿರುವುದು ಸರಳವಾದ ವಿವೇಕ: ಅಂಗ ಬೇಕಾದವನ ಕಡೆಯವನು 'ಇವನು ಸತ್ತಿದ್ದಾನೆ' ಎಂದು ತೀರ್ಮಾನಿಸಬಾರದು, ಯಾಕೆಂದರೆ ಅವನ ಕಣ್ಣಿಗೆ ಎಲ್ಲರೂ ಸ್ವಲ್ಪ ಬೇಗ ಸತ್ತಂತೆ ಕಾಣುತ್ತಾರೆ. ನನಗೆ ಆಗಿದ್ದೂ ಅದೇ. ಆ ಕೊಟ್ಟಿಗೆಗೆ ಕಾಲಿಡುವ ಮೊದಲೇ ನಾನು ಆ ಗಾಡಿಯನ್ನು ಗುಜರಿ ಎಂದು ತೀರ್ಮಾನಿಸಿಯಾಗಿತ್ತು. ಅಷ್ಟೇ ಅಲ್ಲ, ಕಳೆದ ಒಂದು ವರ್ಷದಲ್ಲಿ ರಸ್ತೆ ಬದಿ ನಿಂತ ಪ್ರತಿ ಹಳೆಯ ಯೆಜ್ಡಿಯೂ ನನಗೆ ಬಿಡಿಭಾಗ ತುಂಬಿದ ಬೀರುವಿನಂತೆ ಕಾಣತೊಡಗಿತ್ತು. ಮಾವನ ಗಾಡಿಯ ಮೇಲಿನ ಪ್ರೀತಿಯೇ ಉಳಿದ ಗಾಡಿಗಳನ್ನು ನೋಡುವ ನನ್ನ ಕಣ್ಣನ್ನು ಕೆಡಿಸಿತ್ತು.

ಸಂಶೋಧಕ ಗೆಳೆಯನೊಬ್ಬ ನಕ್ಕುಬಿಟ್ಟ. ಕಬ್ಬಿಣಕ್ಕೆ ನೋವಿಲ್ಲ, ಹಕ್ಕಿಲ್ಲ, ಅಜ್ಜಿಗೆ ಕೇಳಿದ ದುಡ್ಡು ಸಿಕ್ಕಿದೆ, ಇನ್ನು ಅನ್ಯಾಯ ಆಗಿದ್ದು ಯಾರಿಗೆ ಎಂದ. ಅವನ ಮಾತಿನ ಮೊದಲ ಅರ್ಧವನ್ನು ಒಪ್ಪುತ್ತೇನೆ. ಗಾಡಿಗೆ ನಾನು ಏನೂ ಅನ್ಯಾಯ ಮಾಡಲಾರೆ. ಒಂದೂ ಭಾಗ ಕೂಡದಷ್ಟು ಕೆಟ್ಟ ಗಾಡಿಗಳಿಂದ ಬಿಡಿಭಾಗ ತೆಗೆಯುವುದರಲ್ಲಿ ತಪ್ಪೂ ಇಲ್ಲ, ಹಾಗೆ ತೆಗೆಯದಿದ್ದರೆ ಇವತ್ತು ಒಂದು ಯೆಜ್ಡಿಯೂ ಓಡುತ್ತಿರಲಿಲ್ಲ. ಆದರೆ ಅಜ್ಜಿ ಗಾಡಿಯ ಜೊತೆಗೆ ಒಂದು ಪ್ರಶ್ನೆಯನ್ನೂ ನನ್ನ ಕೈಗೆ ಕೊಟ್ಟಿದ್ದರು. ಆ ಗಾಡಿ ನನಗೆ ಬಂದದ್ದು ಅದಕ್ಕೆ ನಾನು ಕೊಟ್ಟ ಉತ್ತರದ ಮೇಲೆ. ಆ ಉತ್ತರವನ್ನು ಅವರು ಯಾವ ಅರ್ಥದಲ್ಲಿ ಕೇಳಿಸಿಕೊಂಡರು ಎನ್ನುವುದು ನನಗೆ ಆಗಲೇ ಗೊತ್ತಿತ್ತು. ನಾಗಸೇನ ರಥವನ್ನು ಬಿಡಿಸಿದ್ದು ರಾಜನ ಭ್ರಮೆ ಕಳೆಯಲು. ನಾನು ಅದೇ ತರ್ಕ ಹೂಡಿದ್ದು ಕೊಟ್ಟ ಮಾತಿನಿಂದ ನುಣುಚಿಕೊಳ್ಳಲು. ತರ್ಕ ಒಂದೇ ಆದರೂ ಇಬ್ಬರೂ ಮಾಡಿದ ಕೆಲಸ ಒಂದೇ ಅಲ್ಲ.

ಅಜ್ಜಿಯದನ್ನೇ ಮಾಡಿ ಎಂದು ಮೇಸ್ತ್ರಿಗೆ ಹೇಳಿದೆ. ಹೇಳುವಾಗ ಸಂತೋಷವೇನೂ ಆಗಲಿಲ್ಲ, ಹೊಟ್ಟೆಯಲ್ಲಿ ಸಂಕಟವಾಯಿತು.

ಮೂರು ತಿಂಗಳ ಮೇಲೆ ಆ ಗಾಡಿಯನ್ನು ಓಡಿಸಿಕೊಂಡೇ ಹಳ್ಳಿಗೆ ಹೋದೆ. ಬೆಲೆಯ ವಿಷಯವನ್ನೂ ಹೇಳಿ, ಕೂಡಿಸಿದ್ದ ಇನ್ನಷ್ಟು ದುಡ್ಡನ್ನು ಮುಂದಿಟ್ಟೆ. ಅಜ್ಜಿ ಬೇಡವೆನ್ನಲಿಲ್ಲ. ಎರಡು ಸಲ ಎಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ನೀವು ಕೇಳಿದ್ರಲ್ಲ ಓಡೋ ಹಾಗೆ ಮಾಡ್ತೀಯಾ ಅಂತ, ಎಂದೆ.

"ಅಯ್ಯೋ, ನಾನು ಅವತ್ತು ಬಾಯ್ಮಾತಿಗೆ ಕೇಳ್ದೆ ಕಣಪ್ಪ" ಎಂದರು. "ಕೋಳಿಗೂಡಿಗೆ ಜಾಗ ಆಯ್ತಲ್ಲ ಅಂತ ಇದ್ದೆ."

ನನ್ನ ಒಂದು ವರ್ಷದ ಧರ್ಮಸಂಕಟ ಅಷ್ಟಕ್ಕೆ ಮುಗಿಯಿತು. ವಾಪಸು ಬರುವಾಗ ನನಗೇ ನಗು ಬಂತು. ಮಾತಿನ ಋಣದಿಂದ ಬಿಡಿಸುವ ಅಧಿಕಾರ ಮಾತು ಪಡೆದವರದು, ಅಜ್ಜಿ ಅದನ್ನು ಒಂದು ಉಸಿರಿನಲ್ಲಿ ಬಿಟ್ಟುಕೊಟ್ಟರು. ಆದರೆ ಅವರು ಬಿಟ್ಟುಕೊಡುತ್ತಾರೆಂದು ಮೊದಲೇ ಊಹಿಸಿಕೊಂಡು ಗಾಡಿಯ ಹೊಟ್ಟೆ ಬಗೆಯುವ ಅಧಿಕಾರ ನನಗಿರಲಿಲ್ಲ. ಹೊರಡಲೆಂದು ಕಿಕ್ ಹೊಡೆದಾಗ ಅಂಗಳದ ತುಂಬ ನೀಲಿ ಹೊಗೆ ಎದ್ದಿತ್ತು. ಅಜ್ಜಿ ಸೆರಗನ್ನು ಮೂಗಿಗೆ ಹಿಡಿದು, "ಆಗಲೂ ಹಿಂಗೇ ಹೊಗೆ ಬುಡ್ತಿತ್ತು" ಎಂದಿದ್ದರು.

ಮಾವನ ಗಾಡಿ ಶೆಡ್ಡಿನಲ್ಲೇ ಇದೆ. ಮೇಸ್ತ್ರಿ ಬಿರುಕಿಗೆ ಆರ್ಗಾನ್ ವೆಲ್ಡಿಂಗ್ ಮಾಡಿಸಿ, ಬೇರಿಂಗ್ ಜಾಗವನ್ನು ಲೇತಿನಲ್ಲಿ ಮತ್ತೆ ಕೊರೆಸಿದ್ದಾರೆ. ಗಾಳಿ ಹಿಡಿಯುತ್ತದೋ ಇಲ್ಲವೋ ಇಂಜಿನ್ ಜೋಡಿಸಿದ ಮೇಲೇ ಗೊತ್ತಾಗಬೇಕು. ಹಿಡಿಯದಿದ್ದರೆ ಅದು ಮಾವ ಬಿಟ್ಟುಹೋದ ಹಾಗೆಯೇ ನಿಂತಿರುತ್ತದೆ. ಅತ್ತೆ ಹೋದ ವಾರ ಫೋನಿನಲ್ಲಿ ಓಡುತ್ತಾ ಎಂದು ಕೇಳಿದರು. ಈ ಸಲ, ಗೊತ್ತಿಲ್ಲ ಅತ್ತೆ, ಎಂದೆ.